ನಮ್ಮ ಜಿಲ್ಲೆಯ ದ್ವೀಪಕ್ಕೆ ಮಧುಚಂದ್ರ

ಮಧುಚಂದ್ರ ಎಂಬ ಮಾತು ನಮ್ಮ ಕಡೆಯ ಮನೆಗಳೊಳಗೆ ಬಂದುದು ಕಾದಂಬರಿಗಳಿಂದ, ಆಮೇಲೆ ಸಿನೆಮಾಗಳಿಂದ. ನನ್ನ ತಾಯಿಯ ಕಾಲಕ್ಕೆ ಅದು ಇರಲಿಲ್ಲ. ಮದುವೆಯಾಯಿತು, ಮರುವಳಿಯಾಯಿತು, ಅಲ್ಲಿಂದ ಮುಂದೆ ನೆಂಟರ ಮನೆಗಳಲ್ಲಿ ಸಮ್ಮಾನದ ಊಟ. ದಿನಕ್ಕೆ ಎರಡು ಮನೆ, ಎರಡೂ ಕಡೆ ಪಾಯಸ. ನೋಡುವ ಸ್ಥಳಗಳೆಂದರೆ ಕಟೀಲು, ಧರ್ಮಸ್ಥಳ, ಕೊಲ್ಲೂರು. ಮದುಮಕ್ಕಳ ಜೊತೆಗೆ ಒಬ್ಬರು ಅತ್ತೆ, ಇಬ್ಬರು ನಾದಿನಿಯರು, ನಾಲ್ಕು ಬಟ್ಟಲಿನ ಒಂದು ಟಿಫಿನ್ ಕ್ಯಾರಿಯರ್. 1990ರ ದಶಕದಲ್ಲಿ ನನ್ನ ಮದುವೆಯಾದಾಗ ಮೈಸೂರು, ಊಟಿ ಎಂದು ನಾವಿಬ್ಬರೇ ಮೂರು ದಿನ ಹೋಗಿಬಂದುದೇ ದೊಡ್ಡ ಸುದ್ದಿ. ಅದೂ ಆಟಿ ತಿಂಗಳಿಗೆ ಮುಂಚೆ ಮುಗಿಸಿದ್ದಾಯಿತು. ಆಟಿಯಲ್ಲಿ ಹೊಸ ಮದುಮಗಳು ತವರಿನಲ್ಲಿರಬೇಕಲ್ಲ!

ಈಗ ನನ್ನ ತಂಗಿಯ ಮಗಳ ಸರದಿ. ಮದುವೆ ಡಿಸೆಂಬರಿನಲ್ಲಿ. ಪ್ರಧಾನಿಯವರು 2024ರ ಜನವರಿಯಲ್ಲಿ ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ಮಾಲ್ದೀವ್ಸಿಗೆ ಹೊರಟಿದ್ದ ಎಷ್ಟೋ ಮದುಮಕ್ಕಳ ಮನಸ್ಸು ಈ ಕಡೆಗೆ ತಿರುಗಿದೆಯಂತೆ. ಇವಳದೂ ಹಾಗೆಯೇ. ಒಂದು ಸಂಜೆ ಫೋನು ಹಿಡಿದುಕೊಂಡು ಬಂದು ನೀಲಿ ನೀರಿನ ಚಿತ್ರಗಳನ್ನು ತೋರಿಸಿದಳು.

“ದೊಡ್ಡಮ್ಮ, ನೀವು ಸಮಾಜ ಪಾಠ ಮಾಡುವವರಲ್ಲವಾ? ಅಲ್ಲಿ ನೋಡಲಿಕ್ಕೆ ಏನೇನುಂಟು, ತಿನ್ನಲಿಕ್ಕೆ ಏನು ಸಿಗ್ತದೆ, ಒಂದು ಪಟ್ಟಿ ಮಾಡಿಕೊಡಿ.”

“ಯಾವ ದ್ವೀಪ?”

“ಕಡಮತ್.”

“ಅದು ನಮ್ಮ ಜಿಲ್ಲೆಯದೇ ಆಗಿತ್ತು ಮಾರಾಯ್ತಿ” ಎಂದೆ. ಅವಳು ನಕ್ಕಳು. ಅವಳ ತಾಯಿಯೂ ನಕ್ಕಳು. ನಾನು ಎದ್ದು ಹಳೆಯ ಭೂಪಟ ತೆಗೆಯಬೇಕಾಯಿತು.

ಇದು ತಮಾಷೆಯಲ್ಲ. ಲಕ್ಷದ್ವೀಪದ ಉತ್ತರ ಭಾಗದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳಿವೆ. ಇವಕ್ಕೆ ಒಟ್ಟಾಗಿ ಅಮಿನ್‌ದಿವಿ ಎಂದು ಹೆಸರು. 1799ರಿಂದ 1956ರವರೆಗೆ, ಒಂದೂವರೆ ಶತಮಾನಕ್ಕೂ ಮಿಕ್ಕಿ, ಅವುಗಳ ಆಡಳಿತ ನಡೆದುದು ಮಂಗಳೂರಿನಿಂದ. 1890ರ ದಶಕದಲ್ಲಿ ಮದ್ರಾಸ್ ಸರಕಾರ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯನ್ನು ಹೊರತಂದಾಗ ಅದರಲ್ಲಿ ಅಮಿನ್‌ದಿವಿಗೂ ಜಾಗವಿತ್ತು. ಕಿಲ್ತಾನಿಗೆ ಮಂಗಳೂರಿನಿಂದ ನೇರ ಗೆರೆ ಎಳೆದರೆ ಸುಮಾರು 250 ಕಿಲೋಮೀಟರು. ನಮ್ಮಿಂದ ಬೆಂಗಳೂರು ಬಸ್ಸಿನ ದಾರಿಯಲ್ಲಿ ಅದಕ್ಕಿಂತ ದೂರ!

ಅವು ನಮಗೆ ಸೇರಿದ ಕತೆಯಲ್ಲಿ ಟಿಪ್ಪು ಸುಲ್ತಾನ ಬರುತ್ತಾನೆ. ಆ ಕಾಲದಲ್ಲಿ ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಮನೆತನದಲ್ಲಿ ಹೆಣ್ಣೂ ಪಟ್ಟಕ್ಕೆ ಬರುವುದುಂಟು. ಆಗ ಆಳುತ್ತಿದ್ದವಳು ಬೀಬಿಯೇ. ಆದರೆ ಅಧಿಕಾರಿಗಳ ಕಾಟ ತಡೆಯಲಾರದೆ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪುವನ್ನು ಕಂಡರು, ನಮ್ಮನ್ನು ನೀವೇ ಆಳಿಕೊಳ್ಳಿ ಎಂದು ಕೇಳಿಕೊಂಡರು ಎನ್ನುತ್ತದೆ ಅಲ್ಲಿನ ಚರಿತ್ರೆ. ಬೀಬಿಯೊಡನೆ ಮಾತುಕತೆಯಾಗಿ 1787ರಲ್ಲಿ ಐದು ದ್ವೀಪಗಳು ಅವನಿಗೆ ಬಂದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿ ಸರಕಾರ ಅವುಗಳನ್ನು ಮಂಗಳೂರಿನ ಕಲೆಕ್ಟರರಿಗೆ ಒಪ್ಪಿಸಿತು. ಉಳಿದ ದ್ವೀಪಗಳು ಬೀಬಿಯ ಮನೆತನದಿಂದ ಪೂರ್ತಿಯಾಗಿ ಇಂಗ್ಲಿಷರ ಕೈಗೆ ಹೋದುದು ಎಷ್ಟೋ ತಡವಾಗಿ, 1908ರಲ್ಲಿ. ಮುಂದೆ ಲಕ್ಷದ್ವೀಪಕ್ಕೆ ಓಡಾಡುವ ಪ್ರಯಾಣಿಕರ ಹಡಗೊಂದಕ್ಕೆ ಟಿಪ್ಪು ಸುಲ್ತಾನ್ ಎಂದೇ ಹೆಸರಿಟ್ಟಿದ್ದರು. ಇಲ್ಲಿ ನಾವು ಆ ಹೆಸರನ್ನು ಹಿಡಿದು ಜಗಳವಾಡುತ್ತೇವೆ, ಅಲ್ಲಿ ಅದನ್ನು ಹತ್ತಿಕೊಂಡು ಜನ ಮನೆಗೆ ಹೋಗುತ್ತಿದ್ದರು.

ಈ ರಾಜರ ಲೆಕ್ಕಕ್ಕಿಂತ ನನಗೆ ಮುಖ್ಯವಾಗಿ ಕಂಡುದು ಕತ್ತದ ಲೆಕ್ಕ. ನಮ್ಮ ಬಾವಿಯ ಹಗ್ಗ, ದನದ ಹಗ್ಗ, ದೋಣಿಯ ಹಗ್ಗ ಎಲ್ಲ ಕತ್ತದ್ದೇ ಆಗಿದ್ದ ದಿನಗಳು ಓದುಗರಲ್ಲಿ ಹಿರಿಯರಿಗೆ ನೆನಪಿರಬಹುದು. ದ್ವೀಪಗಳಲ್ಲಿ ಭತ್ತ ಬೆಳೆಯುವುದಿಲ್ಲ. ಹವಳದ ಮರಳಿನಲ್ಲಿ ಬೆಳೆಯುವುದು ತೆಂಗು ಒಂದೇ ಎಂದರೂ ನಡೆದೀತು. ಹೊಟ್ಟೆಗೆ ಅಕ್ಕಿ ಬೇಕಾದರೆ ಕತ್ತ ಮಾಡಬೇಕು. ಕತ್ತ ಮಾಡುವವರು ಹೆಂಗಸರು. ತೆಂಗಿನ ಸಿಪ್ಪೆಯನ್ನು ಕಡಲ ಬದಿಯ ಹೊಂಡದಲ್ಲಿ, ಉಪ್ಪು ನೀರಿನಲ್ಲಿ, ತಿಂಗಳುಗಟ್ಟಲೆ ಹೂತಿಡಬೇಕು. ಕೊಳೆತ ಮೇಲೆ ಆ ವಾಸನೆಯ ನಡುವೆ ಕುಳಿತು ಮರದ ಕೊಡತಿಯಿಂದ ಬಡಿಯಬೇಕು. ತೊಳೆದು, ಒಣಗಿಸಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಹುರಿ ಮಾಡಬೇಕು. ಮಳೆಗಾಲ ಮುಗಿದು ಕಡಲು ಶಾಂತವಾದಾಗ ಗಂಡಸರು ಆ ಹುರಿಯ ಕಟ್ಟುಗಳನ್ನು ‘ಓಡಂ’ ಎಂಬ ಹಾಯಿ ದೋಣಿಗೆ ತುಂಬಿ, ನಕ್ಷತ್ರ ನೋಡಿಕೊಂಡು ನಮ್ಮ ಬಂದರಕ್ಕೆ ಬರುತ್ತಿದ್ದರು. ಹಳೆಯ ಓಡಂಗಳ ಹಲಗೆಗಳನ್ನು ಸೇರಿಸಿ ಹೊಲಿಯುತ್ತಿದ್ದುದೂ ಕತ್ತದ ಹುರಿಯಿಂದಲೇ.

ಬಂದರಕ್ಕೆ ಬಂದ ಕತ್ತವನ್ನು ಬೇಕಾದವರಿಗೆ ಮಾರುವ ಹಾಗಿಲ್ಲ. ಕೊಳ್ಳುವವರು ಸರಕಾರವೊಂದೇ. ಬೆಲೆ ಕಟ್ಟುವವರೂ ಅವರೇ, ಬದಲಿಗೆ ಅಕ್ಕಿ ಅಳೆದು ಕೊಡುವವರೂ ಅವರೇ. ನಾನು ಮೂವತ್ತು ವರ್ಷ ಮಕ್ಕಳಿಗೆ ‘ಏಕಸ್ವಾಮ್ಯ’ ಎಂಬ ಶಬ್ದದ ಅರ್ಥ ಬರೆಸಿದವಳು. ಅದರ ನಿಜವಾದ ಅರ್ಥ ಬರೆಯಲು ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯ ಪಕ್ಕದ ಈ ಬಂದರವೇ ಸಾಕಿತ್ತು. ಅಮಿನಿಯಲ್ಲಿ ಒಬ್ಬ ಹೆಂಗಸು ವರ್ಷವಿಡೀ ಬಡಿದ ಸಿಪ್ಪೆಗೆ ಎಷ್ಟು ಸೇರು ಅಕ್ಕಿ ಎಂಬುದನ್ನು ಅವಳ ಮುಖವನ್ನೇ ಕಾಣದವರು ಮಂಗಳೂರಿನಲ್ಲಿ ಕುಳಿತು ತೀರ್ಮಾನಿಸುತ್ತಿದ್ದರು. ಇಲ್ಲಿಂದ ನೇಮಕವಾದ ‘ಮಣೆಗಾರ’ನೆಂಬ ಅಧಿಕಾರಿ ಅಮಿನಿಯಲ್ಲಿದ್ದುಕೊಂಡು ಕಂದಾಯವನ್ನೂ ನ್ಯಾಯವನ್ನೂ ನೋಡಿಕೊಳ್ಳುತ್ತಿದ್ದ. ಮಳೆಗಾಲ ಹಿಡಿದರೆ ನಾಲ್ಕು ತಿಂಗಳು ದೋಣಿಯಿಲ್ಲ. ತಂದ ಅಕ್ಕಿ ಅಲ್ಲಿಯವರೆಗೆ ಬರಬೇಕು. ನಮ್ಮಲ್ಲಿ ಆಟಿ ಎಂದರೆ ಪತ್ರೊಡೆ, ಹಲಸಿನ ಬೀಜ, ಖಾಲಿಯಾಗುತ್ತಾ ಬಂದ ಪತ್ತಾಯ. ಅಲ್ಲಿ ಆಟಿ ಎಂದರೆ ಕಡಲಿನ ಕಡೆ ನೋಡುವುದೊಂದೇ.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಕಾಸರಗೋಡು ನಮ್ಮಿಂದ ಹೋಯಿತು. ಆ ನೋವನ್ನು ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿನುದ್ದಕ್ಕೂ ಆಡಿದರು. ಇಂದಿಗೂ ಅದು ಆರಿಲ್ಲ. ಅದೇ ದಿನ ಅಮಿನ್‌ದಿವಿಯೂ ಹೋಯಿತು, ಲಕ್ಕದೀವ್, ಮಿನಿಕಾಯ್‌ಗಳ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಅದಕ್ಕಾಗಿ ಇಲ್ಲಿ ಯಾರೂ ಅಳಲಿಲ್ಲ. ಅಳಬೇಕಾಗಿಯೂ ಇರಲಿಲ್ಲವೆನ್ನಿ. ಅವರ ಮಾತು ಮಲಯಾಳಕ್ಕೆ ಹತ್ತಿರವಾದ ‘ಜಸರಿ’. ನಾವು ಅವರಿಗೆ ಕನ್ನಡ ಕಲಿಸಿದವರಲ್ಲ, ಅವರಿಂದ ಏನನ್ನೂ ಕಲಿತವರೂ ಅಲ್ಲ, ಕತ್ತ ತೂಗಿ ಅಕ್ಕಿ ಅಳೆದವರು. ಇನ್ನೊಂದು ಸೋಜಿಗ ನೋಡಿ: 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತಲ್ಲ, ಆ ದ್ವೀಪಗಳಿಗೆ ಲಕ್ಷದ್ವೀಪವೆಂದು ಹೆಸರಾದುದೂ ಅದೇ ದಿನ. ರಾಜ್ಯೋತ್ಸವದ ಭಾಷಣಗಳಲ್ಲಿ ನಾನಿದನ್ನು ಹೇಳಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟಿದ್ದಾರೆ, ಅರ್ಥವಾಗಿಯೋ ಭಾಷಣ ಮುಗಿಯಿತೆಂದೋ ತಿಳಿಯದು.

“ಇದೆಲ್ಲ ಇರಲಿ ದೊಡ್ಡಮ್ಮ, ತಿನ್ನಲಿಕ್ಕೆ ಏನು?” ಎಂದಳು ಹುಡುಗಿ.

ತಿನ್ನಲಿಕ್ಕೆ ಚೂರ ಮೀನು. ನಮ್ಮ ಮಲ್ಪೆಯವರು ಕೇದರ್ ಎನ್ನುತ್ತಾರೆ, ಹೋಟೆಲಿನ ಪಟ್ಟಿಯಲ್ಲಿ ಟ್ಯೂನಾ ಎಂದಿರುತ್ತದೆ. ಅದನ್ನು ಬೇಯಿಸಿ, ಹೊಗೆಗೆ ಹಿಡಿದು, ಬಿಸಿಲಲ್ಲಿ ಒಣಗಿಸಿದರೆ ಮರದ ತುಂಡಿನಂಥ ‘ಮಾಸ್’ ಆಗುತ್ತದೆ. ಅದಕ್ಕೆ ಹೆಸರಾದ ಊರು ಮಿನಿಕಾಯ್. ತುರಿದು ತೆಂಗಿನಕಾಯಿಯ ಜೊತೆ ಸೇರಿಸಿದರೆ ನಮ್ಮ ಒಣಮೀನಿನ ಚಟ್ನಿಯ ಅಣ್ಣನೋ ತಮ್ಮನೋ ಎನ್ನಬೇಕು. ತೆಂಗಿನ ಮರದಿಂದ ಇಳಿಸಿದ ಸಿಹಿ ರಸಕ್ಕೆ ಅಲ್ಲಿ ‘ಮೀರ’ ಎಂದು ಹೆಸರು. ಅದನ್ನು ಕುದಿಸಿ ಬೆಲ್ಲ ಮಾಡುತ್ತಾರೆ, ಹುಳಿ ಬರಿಸಿ ವಿನೆಗರ್ ಮಾಡುತ್ತಾರೆ. ಬೆಲ್ಲ, ಕಾಯಿತುರಿ ಪಾಕವಾಗಿಸಿ ಒಣಗಿದ ಎಲೆಯಲ್ಲಿ ಸುತ್ತಿದ ‘ದ್ವೀಪ್ ಉಂಡ’ ಎಂಬ ಸಿಹಿಯುಂಟು, ಅದನ್ನು ಬಿಡಬಾರದು. ಇವಳ ಗಂಡನಾಗುವವನು ಸಸ್ಯಾಹಾರಿ. ಅವನಿಗೂ ಅನ್ನ, ಕಾಯಿಹುಳಿ ಸಿಕ್ಕೀತು. ಆದರೆ ತರಕಾರಿಯೆಂಬುದು ಅಲ್ಲಿ ಹೆಚ್ಚಾಗಿ ಹಡಗಿನಲ್ಲಿ ಬರುವ ವಸ್ತು, ಬೀನ್ಸ್ ಇಲ್ಲವೆಂದು ಮುಖ ಗಂಟು ಹಾಕಬಾರದು ಎಂದು ಮೊದಲೇ ಹೇಳಿಸಿದ್ದೇನೆ. ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧ ಮೊದಲಿನಿಂದಲೂ ಉಂಟು. ಇದನ್ನು ಕೇಳಿ ನನ್ನ ತಂಗಿಗೆ ದ್ವೀಪದ ಮೇಲೆ ಒಮ್ಮೆಲೇ ಗೌರವ ಬಂತು.

ನೋಡಲಿಕ್ಕೆ ಏನುಂಟು ಎಂದರೆ, ಕಡಮತ್ತಿನ ಲಗೂನೇ ಮೊದಲನೆಯದು. ಉದ್ದಕ್ಕೆ ಹತ್ತಿರ ಹತ್ತಿರ ಒಂಬತ್ತು ಕಿಲೋಮೀಟರು, ಅಗಲವಾದಲ್ಲಿಯೂ ಅರ್ಧ ಕಿಲೋಮೀಟರಿನ ಆಸುಪಾಸು. ಹೀಗೆ ಈರುಳ್ಳಿ ಗಿಡದ ಎಲೆಯಂತೆ ಮಲಗಿದ ದ್ವೀಪ ಅದು. ಪಶ್ಚಿಮಕ್ಕೆ ಹವಳದ ದಂಡೆ, ಅದರೊಳಗೆ ನಿಂತ ನೀರು. ಗಾಜಿನ ತಳದ ದೋಣಿಯಲ್ಲಿ ಹವಳ ನೋಡಬಹುದು. ಆದರೆ ಚಿತ್ರದಲ್ಲಿ ಕಂಡಷ್ಟು ಬಣ್ಣ ಎಲ್ಲ ಕಡೆ ಇರದು. 1998, 2010, 2016 ಮತ್ತೆ 2024ರಲ್ಲಿ ಕಡಲು ಅತಿಯಾಗಿ ಬಿಸಿಯಾಗಿ ಲಕ್ಷದ್ವೀಪದ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿದೆ. ಬದುಕಿರುವುದನ್ನು ತುಳಿಯಬಾರದು. ಸತ್ತದ್ದನ್ನೂ ನೆನಪಿಗೆಂದು ಪೆಟ್ಟಿಗೆಯಲ್ಲಿ ತರಬಾರದು. 2001ರಿಂದ ಹವಳಕ್ಕೆ ಹುಲಿಗಿರುವಷ್ಟೇ ಕಾನೂನಿನ ರಕ್ಷಣೆಯುಂಟು. ಇನ್ನು ಸ್ನಾನ. ಅಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಮಳೆಯ ಸಿಹಿ ನೀರು ಮರಳಿನೊಳಗೆ ಇಳಿದು ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಹೆಚ್ಚು ಸೇದಿದರೆ ಬಾವಿ ಉಪ್ಪಾಗುತ್ತದೆ. ಕಡಲ ನೀರನ್ನೇ ಸಿಹಿಯಾಗಿಸುವ ಘಟಕ ಕವರತ್ತಿಯಲ್ಲಿ ಶುರುವಾದುದು 2005ರಲ್ಲಿ, ದಿನಕ್ಕೆ ಒಂದು ಲಕ್ಷ ಲೀಟರು. ಶವರಿನಡಿ ಅರ್ಧ ಗಂಟೆ ನಿಲ್ಲುವ ಹವ್ಯಾಸವುಳ್ಳವರು ಊಟಿಗೇ ಹೋಗಲಿ ಎಂದೆ.

ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಎರಡನೆಯದು, ಸಾಧ್ಯವಾದರೆ ಪಕ್ಕದ ಅಮಿನಿಗೆ ಒಂದು ದಿನ. ಅಲ್ಲಿ ಕಡಲ ಬದಿಯಲ್ಲಿ ಸಿಪ್ಪೆ ಹೂಳುತ್ತಿದ್ದ ಹೊಂಡಗಳ ಗುರುತು ಕೇಳಿ ನೋಡಬೇಕು. ವಯಸ್ಸಾದ ಹೆಂಗಸರು ಸಿಕ್ಕಿದರೆ ಮಾತನಾಡಿಸಬೇಕು. ಈ ಮಾತಿಗೆ ಹುಡುಗಿ ಮೂಗು ಮುರಿದಳು. ಆಗ ನಾನು ಅವರ ಮದುವೆಯ ಕತೆ ಹೇಳಿದೆ.

ಅಮಿನಿಯವರೂ ಕಡಮತ್ತಿನವರೂ ಮುಸಲ್ಮಾನರು. ಆದರೆ ಅವರ ಹಳೆಯ ಮನೆತನಗಳಲ್ಲಿ ಆಸ್ತಿ ಹೋಗುವುದು ತಾಯಿಯ ಕಡೆಯಿಂದ. ಮದುವೆಯಾದ ಹೆಣ್ಣು ಮನೆ ಬಿಡುವುದಿಲ್ಲ. ಗಂಡ ರಾತ್ರಿ ಅವಳ ಮನೆಗೆ ಬಂದು ಬೆಳಿಗ್ಗೆ ತನ್ನ ತಾಯಿಯ ಮನೆಗೆ ಮರಳುತ್ತಾನೆ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆಯವರು ಕಲ್ಪೇನಿ ದ್ವೀಪದ ಈ ಪದ್ಧತಿಯನ್ನು ಕುರಿತು 1969ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಈಗ ಅಲ್ಲಿಯೂ ಕಾಲ ಬದಲಾಗಿದೆ; ಗಂಡ, ಹೆಂಡತಿ, ಮಕ್ಕಳ ಸಣ್ಣ ಮನೆಗಳು ಹೆಚ್ಚಾಗಿವೆ. ಅಳಿಯಸಂತಾನವನ್ನು ಕಂಡ ತುಳುನಾಡಿನವರಿಗೆ ಇದು ಹೊಸತಲ್ಲ. ನಮ್ಮಲ್ಲಿಯೂ ಆಸ್ತಿ ತಾಯಿಯ ಕಡೆಯದು, ಯಜಮಾನಿಕೆ ಮಾತ್ರ ಸೋದರಮಾವನದು. ದ್ವೀಪದಲ್ಲಿಯೂ ಮನೆ ಹೆಣ್ಣಿನದು, ದುಡಿಮೆಯೂ ಅವಳದು, ದೋಣಿ ಹತ್ತಿ ಕತ್ತದ ಬೆಲೆ ಕೇಳಲು ಮಂಗಳೂರಿಗೆ ಬರುತ್ತಿದ್ದವನು ಗಂಡಸು. ಹುಡುಗಿ ಇದನ್ನು ಕೇಳಿ ಸುಮ್ಮನೆ ಕುಳಿತಳು. ಅವಳ ಚಿಂತೆ ಬೇರೆಯಿತ್ತೆಂದು ಆಮೇಲೆ ತಿಳಿಯಿತು: ಮದುವೆಯ ನಂತರ ಕೆಲಸ ಬಿಟ್ಟು ಪುಣೆಗೆ ಬರಬೇಕೆಂದು ಆ ಕಡೆಯವರು ಹೇಳಿದ್ದಾರೆ. ಇವಳು ಇನ್ನೂ ಹೂಂ ಎಂದಿಲ್ಲ. “ಅಲ್ಲಿ ಹೋಗಿ ನಾಲ್ಕು ದಿನ ಅವನ ಹತ್ತಿರ ಸರಿಯಾಗಿ ಮಾತಾಡಬೇಕು ದೊಡ್ಡಮ್ಮ, ಇಲ್ಲಿ ಎಲ್ಲರ ಎದುರು ಆಗುವುದಿಲ್ಲ” ಎಂದಳು. ಹಾಗಾದರೆ ದ್ವೀಪವೇ ಸರಿ ಎಂದು ನಾನೂ ಒಪ್ಪಿದೆ. ತಾಯಿಯ ಕಾಲದ ಟಿಫಿನ್ ಕ್ಯಾರಿಯರಿನ ಪ್ರವಾಸದಲ್ಲಿ ಇಂಥ ಮಾತು ಆಡಲು ಜಾಗವಿರಲಿಲ್ಲ.

ಹೋಗುವ ವ್ಯವಸ್ಥೆಯನ್ನು ಮದುಮಗನೇ ನೋಡಿಕೊಳ್ಳುತ್ತಿದ್ದಾನೆ. 1967ರ ನಿಯಮದಂತೆ ಹೊರಗಿನವರಿಗೆ ಪರವಾನಗಿ ಬೇಕು, ನಾವು ಭಾರತೀಯರೇ ಆದರೂ. ಅಗತ್ತಿಯಲ್ಲಿ 1988ರಿಂದ ವಿಮಾನ ನಿಲ್ದಾಣವುಂಟು, ಅಲ್ಲಿಂದ ದೋಣಿ. ಇಲ್ಲವಾದರೆ ಕೊಚ್ಚಿಯಿಂದ ಹಡಗು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಲಕ್ಷದ್ವೀಪದ ಪ್ರಯಾಣಿಕರನ್ನು ಕರೆದುಕೊಂಡು ಮಂಗಳೂರಿನ ಹಳೆ ಬಂದರಕ್ಕೆ ಬಂದಾಗ ಪತ್ರಿಕೆಗಳು ದೊಡ್ಡದಾಗಿ ಬರೆದವು, ಹೊಸ ನೆಂಟಸ್ತಿಕೆ ಎನ್ನುವ ಹಾಗೆ.

ಮೊನ್ನೆ ಅಕ್ಕಿ ತರಲು ಬಂದರದ ಕಡೆ ಹೋದಾಗ ದಕ್ಕೆಯವರೆಗೆ ನಡೆದೆ. ಮರದ ಮಂಜಿಯೊಂದಕ್ಕೆ ಸರಕು ತುಂಬುತ್ತಿದ್ದರು. ಈರುಳ್ಳಿ, ಬಟಾಟೆ, ಸಿಮೆಂಟು, ಒಂದು ಕಡೆ ಕಟ್ಟಿಹಾಕಿದ ಆಡುಗಳು. ಎಲ್ಲಿಗೆ ಎಂದು ಕೇಳಿದೆ. ಕೂಲಿಯಾತ ತಲೆಯ ಮೇಲಿನ ಅಕ್ಕಿ ಮೂಟೆಯನ್ನು ಇಳಿಸದೆಯೇ, “ಅಮಿನಿಗೆ ಅಮ್ಮ” ಎಂದು ಹೇಳಿ ಹಲಗೆ ಹತ್ತಿದ.