ಅರ್ಜಿ ನಮೂನೆಯ ಕಾಲಂಗಳು ಹುಟ್ಟಿದ ಕಥೆ



ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ ನೀವು ಕಾಲೇಜು ಪ್ರವೇಶದ ಅರ್ಜಿ ತುಂಬಲು ಕೂರುತ್ತೀರಿ. ಹಿಂದೆ ಅದು ಕಾಗದದ ನಮೂನೆಯಾಗಿತ್ತು, ಈಗ ಕಂಪ್ಯೂಟರಿನ ಪರದೆಯ ಮೇಲೆ ಬರುತ್ತದೆ. ಆದರೆ ಕೇಳುವ ಪ್ರಶ್ನೆಗಳ ಜಾತಿ ಒಂದೇ. ಹೆಸರು, ತಂದೆ ತಾಯಿಯ ಹೆಸರು ಆದ ಮೇಲೆ ವಿಳಾಸ. ದಾವಣಗೆರೆಯ ಎಷ್ಟೋ ಹುಡುಗ ಹುಡುಗಿಯರು ಅಲ್ಲಿ 'ದೇವರಾಜ ಅರಸು ಬಡಾವಣೆ' ಎಂದು ಬರೆಯುತ್ತಾರೆ. ಇನ್ನೂ ಕೆಳಗೆ ಇಳಿದರೆ ನಿಮ್ಮ ಪ್ರವರ್ಗ ಯಾವುದು, ಕುಟುಂಬದ ವಾರ್ಷಿಕ ಆದಾಯವೆಷ್ಟು, ಯಾವ ಊರಿನಲ್ಲಿ ಓದಿದಿರಿ, ಯಾವ ಮಾಧ್ಯಮದಲ್ಲಿ ಓದಿದಿರಿ ಎಂಬ ಕಾಲಂಗಳು ಬರುತ್ತವೆ. ಮೇಲಿನ ವಿಳಾಸದಲ್ಲಿರುವ ಹೆಸರಿಗೂ ಕೆಳಗಿನ ಈ ಪ್ರಶ್ನೆಗಳಿಗೂ ಹತ್ತಿರದ ನಂಟಿದೆ ಎಂಬುದು ಬರೆಯುವವರ ಗಮನಕ್ಕೆ ಬರುವುದು ಅಪರೂಪ.

ಅಂಕ ಚೆನ್ನಾಗಿ ಬಂದರೆ ಸೀಟು ಸಿಗುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸೀಟು ಕಡಿಮೆ, ಕೇಳುವವರು ಹೆಚ್ಚು ಎಂಬ ಕಾಲ ಬಂದಾಗಿನಿಂದ ಯಾರನ್ನು ಒಳಗೆ ಕರೆಯಬೇಕು, ಯಾವ ಲೆಕ್ಕದಿಂದ ಕರೆಯಬೇಕು ಎಂಬ ಜಗಳ ನಡೆದೇ ಇದೆ. ನೀವು ತುಂಬುವ ಒಂದೊಂದು ಕಾಲಮ್ಮೂ ಅಂಥ ಒಂದೊಂದು ಜಗಳದ ತೀರ್ಮಾನ. ಕೆಲವು ತೀರ್ಮಾನಗಳು ಗಟ್ಟಿಯಾಗಿ ನಿಂತಿವೆ, ಕೆಲವು ಇನ್ನೂ ಅಲುಗಾಡುತ್ತಿವೆ.

ಈ ಚರಿತ್ರೆಯನ್ನು ದಾವಣಗೆರೆಯಲ್ಲಿ ನಿಂತು ನೋಡುವುದಕ್ಕೆ ಒಂದು ಅನುಕೂಲವಿದೆ. ಸ್ವಾತಂತ್ರ್ಯ ಬಂದ ಸಮಯದಲ್ಲಿ ದಾವಣಗೆರೆ, ಹರಿಹರ ಎರಡೂ ಮೈಸೂರು ಸಂಸ್ಥಾನದ ಊರುಗಳು. ಹರಿಹರದ ಸೇತುವೆ ಮೇಲೆ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿನ ಕಡೆಗೆ ಹೋದರೆ ಅದು ಮುಂಬಯಿ ಪ್ರಾಂತ್ಯ. ಉತ್ತರಕ್ಕೆ ಹರಪನಹಳ್ಳಿಗೆ ಹೋದರೆ ಅದು ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ್ಯ. ಒಂದೇ ಮಾತು, ಒಂದೇ ಬಗೆಯ ಜೋಳದ ಹೊಲ, ಒಂದೇ ಸಂತೆ. ಆದರೆ ಕಾಲೇಜು ಸೇರುವ ಹುಡುಗನಿಗೆ ಮೂರು ಸರಕಾರ, ಮೂರು ಬಗೆಯ ಪ್ರವೇಶದ ನಿಯಮ. ದಾವಣಗೆರೆಯವನಿಗೆ 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ. ಹೊಳೆಯಾಚೆಯವನಿಗೆ ಮುಂಬಯಿ ವಿಶ್ವವಿದ್ಯಾನಿಲಯ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಧಾರವಾಡ. ಹರಪನಹಳ್ಳಿಯವನಿಗೆ ಮದರಾಸು.

ಇವುಗಳಲ್ಲಿ ಮದರಾಸಿನ ನಿಯಮ ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು. 'ಕಮ್ಯೂನಲ್ ಜಿ.ಓ.' ಎಂದು ಅದಕ್ಕೆ ಹೆಸರು. ಸರಕಾರಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸೀಟುಗಳನ್ನು ಹದಿನಾಲ್ಕು ಹದಿನಾಲ್ಕರ ಕಂತೆಯಾಗಿ ಮಾಡಿ ಹಂಚುತ್ತಿದ್ದರು. ಪ್ರತಿ ಕಂತೆಯಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ವೈದ್ಯಕೀಯ ಕಾಲೇಜುಗಳಲ್ಲಿ ಇದ್ದದ್ದು ಒಟ್ಟು 330 ಸೀಟು. ಇಡೀ ಮದರಾಸು ರಾಜ್ಯಕ್ಕೆ ಇಷ್ಟೇ! ಆ ಕಾಲದ ಪೈಪೋಟಿಯನ್ನು ನೀವೇ ಊಹಿಸಿಕೊಳ್ಳಿ.

1950ರಲ್ಲಿ ಸಂವಿಧಾನ ಜಾರಿಗೆ ಬಂದಿತು. ಧರ್ಮ, ಜಾತಿಗಳ ಕಾರಣದಿಂದಲೇ ಯಾರಿಗೂ ಸರಕಾರಿ ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶ ನಿರಾಕರಿಸಬಾರದು ಎಂದು ಅದರ 29ನೇ ಅನುಚ್ಛೇದ ಹೇಳುತ್ತದೆ. ಆಗ ಚಂಪಕಂ ದೊರೈರಾಜನ್ ಎಂಬ ಮಹಿಳೆ ಮದರಾಸು ಸರಕಾರದ ಆಜ್ಞೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಆಕೆ ವೈದ್ಯಕೀಯ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ವಿಚಾರಿಸಿದಾಗ ತಾನು ಬ್ರಾಹ್ಮಣಳಾದ ಕಾರಣ ಸೀಟು ಸಿಗುವುದಿಲ್ಲವೆಂದು ಗೊತ್ತಾಯಿತು, ಆದ್ದರಿಂದ ಅರ್ಜಿ ಹಾಕಲಿಲ್ಲ ಎಂದು ಹೇಳಿಕೊಂಡಿದ್ದರು. ಸರಕಾರದವರು ಆ ಆಕ್ಷೇಪವನ್ನು ಎತ್ತಲಿಲ್ಲವಾದ್ದರಿಂದ ಮೊಕದ್ದಮೆ ಉಳಿಯಿತು. 1951ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮದರಾಸಿನ ಆಜ್ಞೆಯನ್ನು ರದ್ದು ಮಾಡಿತು.

ಹಾಗಾದರೆ ತಲೆಮಾರುಗಳಿಂದ ಶಾಲೆಯ ಮೆಟ್ಟಿಲು ಹತ್ತದವರ ಗತಿ ಏನು? ಎರಡೇ ತಿಂಗಳಲ್ಲಿ, ಅಂದರೆ ಅದೇ ಜೂನಿನಲ್ಲಿ, ಸಂಸತ್ತು ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ತಂದಿತು. ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಸರಕಾರ ವಿಶೇಷ ಅವಕಾಶ ಮಾಡಿಕೊಡಬಹುದು ಎಂಬ 15(4) ಸೇರಿತು. ನಿಮ್ಮ ಅರ್ಜಿಯ ಪ್ರವರ್ಗದ ಕಾಲಮ್ಮಿಗೆ ಆಧಾರ ಈ ಒಂದು ಸಾಲು.

ಆಧಾರವೇನೋ ಸಿಕ್ಕಿತು. ಆದರೆ ಹಿಂದುಳಿದವರು ಯಾರು ಎಂದು ಅಳೆಯುವುದು ಹೇಗೆ? ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆ ಹೊಸದಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದ್ದರು. ಸರಕಾರಿ ನೌಕರಿಗಳಲ್ಲಿ ಏಳು ವರ್ಷದೊಳಗೆ ಹಿರಿಯ ಹುದ್ದೆಗಳ ಅರ್ಧದಷ್ಟು, ಕಿರಿಯ ಹುದ್ದೆಗಳ ಮೂರನೇ ಎರಡರಷ್ಟು ಹಿಂದುಳಿದ ಕೋಮುಗಳಿಗೆ ಸಿಗಬೇಕೆಂದು ಸಮಿತಿ ಸೂಚಿಸಿತು. ಅದರ ಅಳತೆ ತುಂಬ ಸರಳವಾಗಿತ್ತು: ಬ್ರಾಹ್ಮಣರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರು. ನಲವತ್ತು ವರ್ಷಗಳ ನಂತರ ಆ ಅಳತೆ ಸಾಲದೆ ಹೋಯಿತು.

ಏಕೆಂದರೆ ಆ ವೇಳೆಗೆ ನಾಡೂ ದೊಡ್ಡದಾಗಿತ್ತು, ಆಸೆಯೂ ದೊಡ್ಡದಾಗಿತ್ತು. 1953ರಲ್ಲಿ ಹರಪನಹಳ್ಳಿ, 1956ರಲ್ಲಿ ರಾಣೆಬೆನ್ನೂರು ಮೈಸೂರು ರಾಜ್ಯಕ್ಕೆ ಬಂದವು. ದಾವಣಗೆರೆಯಲ್ಲಿ ತವನಪ್ಪನವರ್ ಮನೆತನದ ದಾನದ ನೆರವಿನಿಂದ 1951ರಲ್ಲೇ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. ರೈತರ ಮಕ್ಕಳು, ಹತ್ತಿ ಗಿರಣಿಯ ಕಾರ್ಮಿಕರ ಮಕ್ಕಳು ಎಂಜಿನಿಯರ್ ಆಗುವ ಮಾತನ್ನು ಮೊದಲ ಬಾರಿಗೆ ಆಡತೊಡಗಿದ್ದರು.

ಆಗ ನಾಗನಗೌಡ ಸಮಿತಿ ಒಂದು ಹೊಸ ಅಳತೆಗೋಲು ತಂದಿತು. ಒಂದು ಸಮುದಾಯದ ಸಾವಿರ ಜನರಲ್ಲಿ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವ ಮಕ್ಕಳು ಎಷ್ಟು ಎಂದು ಎಣಿಸುವುದು. ಇಡೀ ರಾಜ್ಯದ ಸರಾಸರಿ ಸಾವಿರಕ್ಕೆ 6.9 ಬಂದಿತು. ಅಂದರೆ ಸಾವಿರ ಜನರ ಹಳ್ಳಿಯೊಂದರಲ್ಲಿ ಏಳು ಮಕ್ಕಳೂ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ನನ್ನನ್ನು ಕೇಳಿದರೆ ಆ ಕಾಲದ ಎಲ್ಲ ವರದಿಗಳಲ್ಲಿ ನೆನಪಿಡಬೇಕಾದ ಅಂಕಿ ಇದೊಂದೇ. ಸರಕಾರ 1962ರ ಜುಲೈ 31ರಂದು ಆಜ್ಞೆ ಹೊರಡಿಸಿ ಹಿಂದುಳಿದವರಿಗೆ ಶೇಕಡ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಒಟ್ಟು ಶೇಕಡ 68ರಷ್ಟು ಸೀಟುಗಳನ್ನು ಮೀಸಲಿಟ್ಟಿತು. ಸರಾಸರಿಗಿಂತ ಮೇಲೆ, 7.1 ಇದ್ದ ಸಮುದಾಯವನ್ನೂ ಹಿಂದುಳಿದವರ ಪಟ್ಟಿಗೆ ಸೇರಿಸಿತು.

ಎಂ.ಆರ್. ಬಾಲಾಜಿ ಮತ್ತು ಇತರ ವಿದ್ಯಾರ್ಥಿಗಳು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಎರಡು ತಿಂಗಳೊಳಗೆ, ಸೆಪ್ಟೆಂಬರ್ 28ರಂದು, ತೀರ್ಪು ಬಂದಿತು. ಸರಾಸರಿಯ ಆಸುಪಾಸಿನಲ್ಲಿರುವವರನ್ನು ಹಿಂದುಳಿದವರು ಎನ್ನಲಾಗದು, ಅದಕ್ಕಿಂತ ಬಹಳ ಕೆಳಗಿರುವವರನ್ನು ಮಾತ್ರ ಎನ್ನಬಹುದು. ಜಾತಿಯೊಂದನ್ನೇ ಅಳತೆಯಾಗಿ ಹಿಡಿಯಬಾರದು, ಬಡತನವನ್ನೂ ಕಸುಬನ್ನೂ ವಾಸದ ಊರನ್ನೂ ನೋಡಬೇಕು. ಮೀಸಲಾತಿ ಸಾಮಾನ್ಯವಾಗಿ ಶೇಕಡ 50ರ ಒಳಗಿರಬೇಕು. ಇಂದಿಗೂ ದೇಶದಲ್ಲಿ ಎಲ್ಲಿ ಮೀಸಲಾತಿಯ ಮಾತು ಬಂದರೂ ಕೇಳಿಬರುವ 'ಐವತ್ತರ ಮಿತಿ' ಹುಟ್ಟಿದ್ದು ನಮ್ಮ ರಾಜ್ಯದ ಕಾಲೇಜು ಸೀಟಿನ ಜಗಳದಲ್ಲಿ.

ಸರಕಾರ ಈ ಮಾತನ್ನು ಅಕ್ಷರಶಃ ತೆಗೆದುಕೊಂಡಿತು. 1963ರಲ್ಲಿ ಜಾತಿಯ ಹೆಸರನ್ನೇ ಬಿಟ್ಟು, ವರ್ಷಕ್ಕೆ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಆದಾಯವಿದ್ದು, ಬೇಸಾಯ, ಸಣ್ಣ ವ್ಯಾಪಾರ, ಕೈಕಸುಬು, ಮೈಮುರಿದು ದುಡಿಯುವ ಕೆಲಸ ಮುಂತಾದವುಗಳಲ್ಲಿರುವ ಕುಟುಂಬಗಳ ಮಕ್ಕಳಿಗೆ ಶೇಕಡ 30 ಸೀಟು ಎಂದಿತು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಸಾಲು ನಿಲ್ಲುವಾಗ ಈ 1,200 ರೂಪಾಯಿಯನ್ನು ಒಮ್ಮೆ ನೆನೆಯಿರಿ. ಅದರ ಜತೆಗೆ ಸಂದರ್ಶನವೂ ಬಂದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟನ್ನು ಆಯ್ಕೆ ಸಮಿತಿಯ ಮುಂದೆ ಗಳಿಸಬೇಕಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟೋಟ, ಚರ್ಚಾಸ್ಪರ್ಧೆ, ನಾಟಕ ಎಲ್ಲಕ್ಕೂ ಅಂಕ! ಹಳ್ಳಿಯ ಹೈಸ್ಕೂಲಿನಲ್ಲಿ ಎನ್.ಸಿ.ಸಿ. ಎಲ್ಲಿಂದ ಬರಬೇಕು? ಚಿತ್ರಲೇಖಾ ಎಂಬ ವಿದ್ಯಾರ್ಥಿನಿ ಮತ್ತಿತರರು ಇದನ್ನು ಪ್ರಶ್ನಿಸಿದರು. ಉಚ್ಚ ನ್ಯಾಯಾಲಯ ಸಂದರ್ಶನವನ್ನು ಮತ್ತೆ ನಡೆಸಲು ಹೇಳಿತು. 1964ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಂದರ್ಶನದ ಪದ್ಧತಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಆದರೂ ಇಂದಿನ ನಿಮ್ಮ ಅರ್ಜಿಯಲ್ಲಿ ಸಂದರ್ಶನದ ಕಾಲಂ ಇಲ್ಲ. ಅದು ಹೋದದ್ದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ಈಗ ನಿಮ್ಮ ವಿಳಾಸದಲ್ಲಿರುವ ಹೆಸರಿಗೆ ಬರೋಣ. ಡಿ. ದೇವರಾಜ ಅರಸು 1972ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದರು. ಆ ವರ್ಷದ ಆಗಸ್ಟಿನಲ್ಲೇ ವಕೀಲ ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಹಿಂದಿನ ಸಮಿತಿಗಳಿಗೂ ಇದಕ್ಕೂ ಇದ್ದ ವ್ಯತ್ಯಾಸ ಕೆಲಸದ ರೀತಿಯಲ್ಲಿತ್ತು. ಆಯೋಗ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಮನೆಮನೆಯ ಮಾದರಿ ಸಮೀಕ್ಷೆ ಮಾಡಿಸಿತು. 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾವ ಯಾವ ಸಮುದಾಯದ ಎಷ್ಟು ಮಕ್ಕಳು ತೇರ್ಗಡೆಯಾದರೆಂದು ಲೆಕ್ಕ ಹಾಕಿತು. ಯಾರೂ ಹೆಸರು ಕೇಳಿರದಿದ್ದ ಅಲೆಮಾರಿ ಜಾತಿಗಳು, ಸಣ್ಣಪುಟ್ಟ ಕಸುಬಿನ ಜಾತಿಗಳು ಸರಕಾರದ ಕಡತದಲ್ಲಿ ಮೊದಲ ಬಾರಿಗೆ ಅಂಕಿ ಅಂಶಗಳೊಂದಿಗೆ ಕಾಣಿಸಿಕೊಂಡವು. 1975ರ ನವೆಂಬರಿನಲ್ಲಿ ವರದಿ ಬಂದಿತು. ಹಿಂದುಳಿದ ಸಮುದಾಯಗಳು, ಹಿಂದುಳಿದ ಜಾತಿಗಳು, ಹಿಂದುಳಿದ ಬುಡಕಟ್ಟುಗಳು ಎಂಬ ಮೂರು ಮೆಟ್ಟಿಲು ಮಾಡಿ, ತೀರ ಕೆಳಗಿರುವವರು ಕೊಂಚ ಮೇಲಿರುವವರೊಡನೆ ಪೈಪೋಟಿ ಮಾಡಬೇಕಾಗದಂತೆ ನೋಡಿಕೊಂಡಿತು. ಇಂದಿನ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆಯ ಮೂಲ ಈ ಯೋಚನೆಯಲ್ಲಿದೆ.

ವರದಿಯನ್ನು ಎಲ್ಲರೂ ಹೂವು ಹಾಕಿ ಬರಮಾಡಿಕೊಂಡರೆಂದು ತಿಳಿಯಬೇಡಿ. ಲಿಂಗಾಯತ ಸಮುದಾಯ ಪಟ್ಟಿಯಿಂದ ಹೊರಗುಳಿದದ್ದಕ್ಕೆ ದೊಡ್ಡ ವಿರೋಧವೇ ಎದ್ದಿತು. ದಾವಣಗೆರೆಯಂಥ ಊರಿನಲ್ಲಿ ಅದರ ಬಿಸಿ ಎಷ್ಟಿದ್ದಿರಬೇಕೆಂದು ಹಿರಿಯರನ್ನು ಕೇಳಿ. ಪಟ್ಟಣದ ಬಡವನಿಗಿಂತ ಹಳ್ಳಿಯ ಜಮೀನುದಾರ ಹೇಗೆ ಹಿಂದುಳಿದವನಾದಾನು ಎಂಬ ಪ್ರಶ್ನೆಯೂ ಬಂದಿತು. ಅದು ಕಡೆಗಣಿಸುವ ಪ್ರಶ್ನೆಯೇನಲ್ಲ. 1977ರ ಫೆಬ್ರವರಿಯಲ್ಲಿ ಅರಸು ಸರಕಾರ ಕೆಲವು ಬದಲಾವಣೆಗಳೊಂದಿಗೆ ವರದಿಯನ್ನು ಜಾರಿಗೆ ತಂದಿತು. ಆಮೇಲೆ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗಗಳು ಬಂದವು. ಪಟ್ಟಿ ಬದಲಾಯಿತು, ಸಮೀಕ್ಷೆ ಮಾಡಿ ಅಳೆಯಬೇಕೆಂಬ ರೂಢಿ ಉಳಿಯಿತು.

ಇಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು, ದುಡ್ಡಿನ ಬಾಗಿಲು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಕರ್ನಾಟಕದಲ್ಲಿ ಬೇರೆ ರಾಜ್ಯಗಳಿಗಿಂತ ಮೊದಲೇ ಬೆಳೆದವು. ದಾವಣಗೆರೆಯಲ್ಲೇ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದವು. ಇವುಗಳಿಂದ ಸೀಟು ಹೆಚ್ಚಿದ್ದು ನಿಜ, ಊರು ವಿದ್ಯಾನಗರಿ ಎನಿಸಿಕೊಂಡದ್ದೂ ನಿಜ. ಆದರೆ ರಾಜ್ಯದಲ್ಲಿ ಒಟ್ಟಾರೆಯಾಗಿ ಖಾಸಗಿ ಸೀಟಿಗೆ ತೆರಬೇಕಾದ ಹಣ ಏರುತ್ತಾ ಹೋಯಿತು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾಯಿದೆ ಬಂದಿತು. 1989ರಲ್ಲಿ ಸರಕಾರವೇ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಗೊತ್ತುಮಾಡಿತು: ಸರಕಾರಿ ಸೀಟಿಗೆ 2,000, ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ. ಮೀರತ್ತಿನ ಮೋಹಿನಿ ಜೈನ್ ಎಂಬಾಕೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದಾಗ ಅವರಿಗೆ ಹೇಳಿದ್ದು ಈ 60,000ವನ್ನೇ. ಆಕೆಯ ತಂದೆಗೆ ಅದು ಆಗದ ಮಾತು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷಣವೂ ಒಂದು ಹಕ್ಕು, ಕ್ಯಾಪಿಟೇಶನ್ ಶುಲ್ಕ ಅಕ್ರಮ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟುಗಳನ್ನು ಸರಕಾರದ ಶುಲ್ಕಕ್ಕೆ, ಇನ್ನರ್ಧವನ್ನು ಹೆಚ್ಚಿನ ಶುಲ್ಕಕ್ಕೆ ಹಂಚಿ, ಎರಡನ್ನೂ ಅರ್ಹತೆಯ ಮೇಲೆಯೇ ತುಂಬಬೇಕೆಂದಿತು.

ಆ ಯೋಜನೆಯನ್ನು ನಡೆಸಲು 1994ರಲ್ಲಿ ಸಿ.ಇ.ಟಿ. ಘಟಕ ಹುಟ್ಟಿತು. ದಾವಣಗೆರೆಯ ಹುಡುಗರು ಅಪ್ಪನ ಜತೆ ರಾತ್ರಿ ರೈಲು ಹತ್ತಿ, ಡಿ.ಡಿ. ಮತ್ತು ಮೂಲ ಅಂಕಪಟ್ಟಿಗಳ ಕೈಚೀಲವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಬೆಂಗಳೂರಿನ ಕೌನ್ಸೆಲಿಂಗಿಗೆ ಹೋದ ಕಾಲ ಅದು. ರ್‍ಯಾಂಕಿನ ಪ್ರಕಾರ ಹೆಸರು ಕರೆಯುತ್ತಿದ್ದರು. ಉಳಿದಿರುವ ಸೀಟನ್ನು ಎಲ್ಲರೆದುರು ಆರಿಸಿಕೊಳ್ಳಬಹುದಿತ್ತು. ಯಾರ ಶಿಫಾರಸೂ ಬೇಕಾಗಿರಲಿಲ್ಲ. ಮುಂದೆ 2002ರ ಟಿ.ಎಂ.ಎ. ಪೈ ತೀರ್ಪು ಉನ್ನಿಕೃಷ್ಣನ್ ಯೋಜನೆಯನ್ನು ತೆಗೆದುಹಾಕಿತು, 2004ರಲ್ಲಿ ಖಾಸಗಿ ಕಾಲೇಜುಗಳ ಕಾಮೆಡ್‌–ಕೆ ಬಂದಿತು, ವೈದ್ಯಕೀಯಕ್ಕೆ ನೀಟ್ ಬಂದಿತು. ಈ ಭಾಗ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕೊನೆಗೆ ಊರಿನ ಕಾಲಂ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲು. ವಾಸದ ಊರನ್ನೂ ನೋಡಬೇಕೆಂದು ಬಾಲಾಜಿ ತೀರ್ಪು ಹೇಳಿತ್ತಲ್ಲ, ಅದೇ ಜಾಡು.

ಹರಪನಹಳ್ಳಿಯ ಕಥೆಯಂತೂ ಇನ್ನೂ ವಿಚಿತ್ರ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಇಲ್ಲಿಗೆ ಸೇರಿಸಿದರು. ಕಚೇರಿ ಕೆಲಸಕ್ಕೆ ಹತ್ತಿರವಾಯಿತೆಂದು ಜನ ಅಂದುಕೊಂಡರು. 2013ರಲ್ಲಿ 371(ಜೆ) ಜಾರಿಗೆ ಬಂದು ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳ ಮಕ್ಕಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇಕಡ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ 8 ಸೀಟು ಮೀಸಲಾಯಿತು. ಪಟ್ಟಿಯಲ್ಲಿ ಬಳ್ಳಾರಿ ಇತ್ತು, ದಾವಣಗೆರೆ ಇರಲಿಲ್ಲ. ಪಕ್ಕದ ಹಡಗಲಿಯ ಹುಡುಗಿಗೆ ಸಿಕ್ಕ ಹಕ್ಕು ಹರಪನಹಳ್ಳಿಯ ಹುಡುಗಿಗೆ ಸಿಗಲಿಲ್ಲ. ವರ್ಷಗಟ್ಟಲೆ ಹೋರಾಟ ನಡೆದು, 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಸೇರಿತು. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ಇಂದು ದಾವಣಗೆರೆಯ ಪಿಯು ಕಾಲೇಜಿನ ಒಂದೇ ಬೆಂಚಿನಲ್ಲಿ ಹರಪನಹಳ್ಳಿಯವಳೂ ದೇವರಾಜ ಅರಸು ಬಡಾವಣೆಯವಳೂ ಕೂತು ಓದುತ್ತಾರೆ. ಅರ್ಜಿ ತುಂಬುವ ದಿನ ಮೊದಲನೆಯವಳು ಉಪವಿಭಾಗಾಧಿಕಾರಿಗಳು ಕೊಟ್ಟ ಅರ್ಹತಾ ಪ್ರಮಾಣಪತ್ರದ ಸಂಖ್ಯೆಯನ್ನು ಬರೆಯುತ್ತಾಳೆ, ಎರಡನೆಯವಳು ಆ ಕಾಲಮ್ಮಿನಲ್ಲಿ 'ಇಲ್ಲ' ಎಂದು ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾಳೆ.