ಕೌದಿಯ ಪದರಗಳು: ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹಳೆ ಬಟ್ಟೆಯ ವಿಂಗಡಣೆ ಮತ್ತು ಮರುಹೊಲಿಗೆ

ಭಾರತದ ಬಟ್ಟೆಯ ಬಗ್ಗೆ ಬರೆದವರ ಕಣ್ಣು ಬಹುಮಟ್ಟಿಗೆ ಮಗ್ಗದಿಂದ ಆಗತಾನೇ ಇಳಿದ ಬಟ್ಟೆಯ ಮೇಲೆಯೇ ನೆಟ್ಟಿದೆ. ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ 700 ಬಟ್ಟೆಯ ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಹಂಚಿದಾಗ ಅವನ ಗುರಿ ಇಂಗ್ಲೆಂಡಿನ ಗಿರಣಿಗಳಿಗೆ ಮಾದರಿ ಒದಗಿಸುವುದಾಗಿತ್ತು. ಹಾಗಾಗಿ ಉಟ್ಟು ಸವೆದ ಬಟ್ಟೆಗೆ ಅಲ್ಲಿ ಜಾಗವಿರಲಿಲ್ಲ. ಆ ಉದ್ದೇಶ ಮರೆಯಾಗಿ ಕಾಲವಾಯಿತು, ನೋಡುವ ಕ್ರಮ ಮಾತ್ರ ಉಳಿದಿದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎಂದರೆ ನಾವು ಇಂದಿಗೂ ನೇಯ್ಗೆ, ಅಂಚು, ಬಣ್ಣಗಳ ಮಾತಾಡುತ್ತೇವೆ. ಆ ಸೀರೆ ಹತ್ತಾರು ವರ್ಷ ಮೈಮೇಲೆ ಬಾಳಿ, ನಿರಿಗೆಯ ತುದಿ ಹರಿದು, ನಡುವಿನಲ್ಲಿ ಪಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ವಿದ್ವತ್ತಿನ ಪ್ರಶ್ನೆಯಾಗಿಲ್ಲ. ಯಾದಗಿರಿ ಸೀಮೆಯಲ್ಲಿ ಅದು ಹೋಗುವುದು ಕೌದಿಗೆ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿದ ಹೊದಿಕೆಗೆ. ಕೌದಿಯ ಕುರಿತ ಬರಹಗಳು ಅದರ ಬಣ್ಣದ ತೇಪೆಗಳನ್ನೂ ಹೊಲಿಗೆಯ ಸಾಲುಗಳನ್ನೂ ಮೆಚ್ಚಿ ಅಲ್ಲಿಗೇ ನಿಲ್ಲುತ್ತವೆ. ನನ್ನ ವಾದ ಬೇರೆ: ಕೌದಿಯ ನಿಜವಾದ ವಿದ್ಯೆ ಇರುವುದು ಸೂಜಿ ಹಿಡಿಯುವುದಕ್ಕೆ ಮುಂಚಿನ ವಿಂಗಡಣೆಯಲ್ಲಿ. ಯಾವ ಬಟ್ಟೆಯಲ್ಲಿ ಇನ್ನೂ ಎಷ್ಟು ಕಸುವಿದೆ, ಅದು ಯಾವ ಪದರಕ್ಕೆ ಸಲ್ಲುತ್ತದೆ ಎಂಬ ತೀರ್ಮಾನ ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ, ಏಕೆಂದರೆ ಅದರ ಬಹುಪಾಲು ಹೊಲಿಗೆಯ ಒಳಗೆ ಮುಚ್ಚಿಹೋಗಿರುತ್ತದೆ.

ಯಾದಗಿರಿ 2009ರ ಕೊನೆಯವರೆಗೂ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿತ್ತು. ಹೊಸ ಜಿಲ್ಲೆಯಾದಾಗ ಅದಕ್ಕಿದ್ದ ತಾಲ್ಲೂಕುಗಳು ಯಾದಗಿರಿ, ಶಹಾಪುರ, ಸುರಪುರ ಈ ಮೂರೇ. ಭೀಮಾ ಮತ್ತು ಕೃಷ್ಣೆಯ ನಡುವಿನ ಕಪ್ಪು ನೆಲದಲ್ಲಿ ಹತ್ತಿ, ತೊಗರಿ, ಜೋಳ ಬೆಳೆಯುತ್ತವೆ. ನಾರಾಯಣಪುರ ಅಣೆಕಟ್ಟೆಯ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಕಡೆ ಭತ್ತವೂ ಬಂತು. ಇಷ್ಟು ಹತ್ತಿ ಬೆಳೆಯುವ ಸೀಮೆಯ ಬಡವರ ಮನೆಯ ಹೊದಿಕೆಯಲ್ಲಿ ಅರಳೆ ಇಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅರಳೆ ತುಂಬಿದ ಗಾದಿ ಪಿಂಜಾರರ, ಅಂದರೆ ನದಾಫರ ಕಸುಬು. ಅದಕ್ಕೆ ರೊಕ್ಕ ಬೇಕು. ಹೊಲದ ಹತ್ತಿ ಗಾಡಿಯೇರಿ ಜಿನ್ನಿಂಗ್ ಕಾರ್ಖಾನೆಗೆ ಹೋಗಿ ಸಾಲ ತೀರಿಸುತ್ತದೆಯೇ ಹೊರತು ಮನೆಯಲ್ಲಿ ನಿಲ್ಲುವುದಿಲ್ಲ. ಅದೇ ಹತ್ತಿ ನೂಲಾಗಿ, ಸೀರೆಯಾಗಿ, ಧೋತರವಾಗಿ ಪೇಟೆಯಿಂದ ಮರಳಿ ಬಂದು, ಉಟ್ಟು ಹಳತಾದ ಮೇಲೆಯೇ ಮನೆಯವರ ಪಾಲಿಗೆ ಹೊದಿಕೆಯಾಗಿ ದಕ್ಕುತ್ತದೆ. ಗಾದಿಗೆ ಹಣ ಖರ್ಚಾದರೆ ಕೌದಿಗೆ ಖರ್ಚಾಗುವುದು ಹೆಂಗಸರ ದುಡಿಮೆ. ಆ ದುಡಿಮೆಯನ್ನು ಯಾವ ಲೆಕ್ಕದ ಪುಸ್ತಕವೂ ಬರೆದುಕೊಂಡಿಲ್ಲ.

ಬಟ್ಟೆ ನೇರವಾಗಿ ಕೌದಿಗೆ ಬರುವುದಿಲ್ಲ. ಅಲ್ಲಿಗೆ ತಲುಪುವ ಮುಂಚೆ ಹಲವು ಮನೆಗೆಲಸ ಮುಗಿಸಿರುತ್ತದೆ. ಸೀರೆಯ ಗಟ್ಟಿ ಭಾಗ ಹುಡುಗಿಯ ಲಂಗವಾಗುತ್ತದೆ, ಖಣದ ಚೂರುಗಳು ಕೂಸಿನ ಕುಲಾಯಿ, ಕುಂಚಿಗೆಗೆ ಹೋಗುತ್ತವೆ. ಹತ್ತಾರು ಸಲ ಒಗೆದು ಗಂಜಿಯ ಬಿರುಸು ಪೂರ್ತಿ ಬಿಟ್ಟ ಧೋತರವನ್ನು ಬಾಣಂತಿಗೂ ಕೂಸಿಗೂ ಎತ್ತಿಡುತ್ತಾರೆ, ಹಸುಗೂಸಿನ ಚರ್ಮಕ್ಕೆ ಹೊಸ ಬಟ್ಟೆಗಿಂತ ಅದು ಹಿತ. ಎಲೆ ಅಡಿಕೆಯ ಸಂಚಿಗೆ ದರ್ಜಿಯ ಅಂಗಡಿಯ ಚೂರುಗಳೇ ಸಾಕು. ಪ್ಯಾಂಟಿನ ದಪ್ಪ ಬಟ್ಟೆಗೆ ಕೈಸೂಜಿ ಸುಲಭವಾಗಿ ಇಳಿಯದು, ಅದು ಸಂತೆಯ ಚೀಲವಾಗುತ್ತದೆ. ಇದೇ ಜಾಣ್ಮೆ ಬಟ್ಟೆಯಾಚೆಗೂ ಹೋಗಿದೆ. ಖಾಲಿ ಗೊಬ್ಬರದ ಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಸೇರಿಸಿ, ಕಣದಲ್ಲಿ ತೊಗರಿ, ಮೆಣಸಿನಕಾಯಿ ಹರವಲು ಹಾಸು ಮಾಡಿಕೊಳ್ಳುವ ಹೆಂಗಸರು ಕೌದಿ ಹೊಲಿಯುವವರೇ.

ಕೌದಿಗೆಂದು ಗಂಟಿನಿಂದ ಅರಿವಿ ತೆಗೆದಾಗ ಅನುಭವಸ್ಥೆ ಮೊದಲು ಅದನ್ನು ಬಿಸಿಲಿಗೆ ಹಿಡಿಯುತ್ತಾಳೆ. ಬೆಳಕು ಸಮನಾಗಿ ಬಂದರೆ ಬಟ್ಟೆ ತೆಳುವಾಗಿದ್ದರೂ ಬಾಳುತ್ತದೆ, ಅಲ್ಲಲ್ಲಿ ಬೆಳ್ಳಗೆ ಇಣುಕಿದರೆ ಆ ಜಾಗದಲ್ಲಿ ಎಳೆ ಸತ್ತಿದೆ. ಆಮೇಲೆ ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗುತ್ತಾಳೆ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಹಾಸಿನ ಎಳೆ ಮತ್ತು ಹೊಕ್ಕಿನ ಎಳೆ ಒಟ್ಟೊಟ್ಟಿಗೆ ಸಾಯುವುದಿಲ್ಲ. ಒಂದು ದಿಕ್ಕಿಗೆ ಪಿಸಿಯುವ ಬಟ್ಟೆ ಇನ್ನೊಂದು ದಿಕ್ಕಿಗೆ ಗಟ್ಟಿಯಿದ್ದರೆ ಅದನ್ನು ಎಸೆಯುವ ಮಾತಿಲ್ಲ. ಗಟ್ಟಿ ದಿಕ್ಕು ಎಳೆತ ಬೀಳುವ ಕಡೆಗೆ ಬರುವಂತೆ ಅದನ್ನು ತಿರುಗಿಸಿ ಹಾಕಿದರಾಯಿತು.

ಸೀರೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ನೆಲಕ್ಕೆ ತಾಗುವ ನಿರಿಗೆಯ ಕೆಳಭಾಗ ಹಿಮ್ಮಡಿಗೆ ಸಿಕ್ಕಿ ಹರಿಯುತ್ತದೆ, ಸಿಕ್ಕಿಸಿಕೊಳ್ಳುವ ನಡುವಿನ ಭಾಗ ಬೆವರಿಗೆ ಕೊಳೆಯುತ್ತದೆ. ಒಳಸುತ್ತು ಮಾತ್ರ ಹೊಸದರಂತೆ ಉಳಿದಿರುತ್ತದೆ. ಹದಿನೆಂಟು ಮೊಳದ ಇಳಕಲ್ ಸೀರೆಯಲ್ಲಿ ಈ ಉಳಿದ ಭಾಗವೇ ಒಂದು ಕೌದಿಯ ಕೆಳಪದರಕ್ಕೆ ಸಾಕಾಗುವಷ್ಟು ಸಿಗುತ್ತದೆ. ಅದರ ದಡಿಯ ನೇಯ್ಗೆ ಒತ್ತಾದದ್ದು. ಒಡಲು ಹೋದರೂ ದಡಿ ಹೋಗುವುದಿಲ್ಲ. ಹಾಗಾಗಿ ಅದನ್ನು ಉದ್ದಕ್ಕೆ ಕತ್ತರಿಸಿಟ್ಟುಕೊಂಡು ಕೌದಿಯ ನಾಲ್ಕೂ ಅಂಚಿಗೆ ಪಟ್ಟಿ ಕಟ್ಟುತ್ತಾರೆ, ಯಾವ ಹೊದಿಕೆಯಾದರೂ ಮೊದಲು ಹರಿಯುವುದು ಅಂಚಿನಲ್ಲೇ ತಾನೆ. ಸೆರಗಿನ ಲೆಕ್ಕ ಬೇರೆ. ಅಲ್ಲಿ ರೇಷ್ಮೆ ಇರುತ್ತದೆ ಅಥವಾ ಚಮಕ ಎಂದು ಕರೆಯುವ ಕೃತಕ ರೇಷ್ಮೆ ಇರುತ್ತದೆ. ಕೃತಕ ರೇಷ್ಮೆ ನೆನೆದಾಗ ಬಲ ಕಳೆದುಕೊಳ್ಳುತ್ತದೆ, ಹತ್ತಿಯ ಒಡಲು ಕುಗ್ಗಿದಂತೆ ಅದು ಕುಗ್ಗುವುದೂ ಇಲ್ಲ. ಎರಡನ್ನೂ ಬಿಡಿಸದೆ ಒಂದೇ ಪದರದಲ್ಲಿ ಹಾಕಿದರೆ ಒಗೆದ ಮೇಲೆ ಕೌದಿ ಸೊಟ್ಟಗಾಗುತ್ತದೆ. ನೂಲಿನ ಗುಣದ ಕುರಿತ ಈ ತಿಳಿವಳಿಕೆಯನ್ನು ಜವಳಿ ತಂತ್ರಜ್ಞಾನದ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಕಲಿಯುತ್ತಾನೆ. ಇಲ್ಲಿಯ ಹೆಂಗಸರು ಅದನ್ನು ಒಗೆಯುವ ಕಲ್ಲಿನ ಮೇಲೆ ಕಲಿತರು.

ಈಗ ಪದರಗಳ ವಿಷಯ. ಕೆಳಗಿನದು ಆದಷ್ಟು ಒಂದೇ ತುಂಡು. ಒಂದೇ ಸಿಗದಿದ್ದರೆ ಎರಡು ಲುಂಗಿಗಳನ್ನು ಜೋಡಿಸುತ್ತಾರೆ. ಮೇಲ್ಮುಖಕ್ಕೆ ತೇಪೆಗಳು: ಅಂಗಿಯ ಬೆನ್ನಿನ ಭಾಗ, ಮಾಸದ ಸೆರಗು, ಖಣದ ಕುಬಸದ ತುಣುಕು. ಅಂಗಿಯ ಕಾಲರು, ತೋಳಿನ ತುದಿ ಹೋದರೂ ಬೆನ್ನು ಗಟ್ಟಿಯಾಗಿಯೇ ಇರುತ್ತದೆ, ಚೌಕ ಕತ್ತರಿಸಲು ಅದೇ ಅನುಕೂಲ. ಇವೆರಡರ ನಡುವೆ ಸೇರುವುದು ಇನ್ನಾವ ಕೆಲಸಕ್ಕೂ ಬಾರದ, ಪೂರ್ತಿ ಪಿಸಿದ ಅರಿವಿ. ಕೆಲವೊಮ್ಮೆ ಒಂದು ಹಳೆ ಕೌದಿಯೇ ಹೊಸದರ ಹೊಟ್ಟೆಯೊಳಗೆ ಹೋಗುತ್ತದೆ. ನಡುಪದರ ಹರವುವಾಗ ಒಂದರ ತೂತಿನ ಮೇಲೆ ಇನ್ನೊಂದರ ತೂತು ಬಾರದಂತೆ ನೋಡಿಕೊಳ್ಳಬೇಕು. ಗೋಡೆ ಕಟ್ಟುವವನು ಕಲ್ಲಿನ ಸಂದಿನ ಮೇಲೆ ಸಂದು ಬಾರದಂತೆ ಕಟ್ಟುವ ಕ್ರಮವೇ ಇದು. ಕೌದಿಯ ಬಾಳಿಕೆ ನಿಂತಿರುವುದು ಈ ಹಂತದಲ್ಲಿ. ಮುಗಿದ ಮೇಲೆ ಇದನ್ನು ಯಾರೂ ನೋಡಲಾರರು.

ಹೊಲಿಗೆಯನ್ನೂ ಇದರ ಬೆಳಕಿನಲ್ಲೇ ಅರ್ಥ ಮಾಡಿಕೊಳ್ಳಬೇಕು. ಅಂಚಿನಿಂದ ಆರಂಭಿಸಿ ಒಳಕ್ಕೆ, ಬೆರಳಗಲಕ್ಕೊಂದರಂತೆ ಸಾಲುಗಳು. ಹೆಂಗಸರು ನೆಲದ ಮೇಲೆ ಹರವಿದ ಕೌದಿಯ ಮೇಲೆಯೇ ಕೂತು ಹೊಲಿಯುವುದರಿಂದ ಅವರ ಮೈಭಾರವೇ ಪದರಗಳನ್ನು ಹಿಡಿದಿಡುತ್ತದೆ, ಬೇರೆ ಚೌಕಟ್ಟು ಬೇಡ. ಸಾಲುಗಳು ಒತ್ತಾದಷ್ಟೂ ಎಳೆತವನ್ನು ಹೊರುವುದು ದಾರ. ಸತ್ತ ಬಟ್ಟೆಗೆ ಆಮೇಲೆ ಭಾರವಿಲ್ಲ, ಅದು ಬರೀ ಜಾಗ ತುಂಬಿ ಬೆಚ್ಚಗಿಟ್ಟರೆ ಸಾಕು. ಕೈಯಿಂದ ಎಳೆದ ದಾರ ಬಟ್ಟೆಯನ್ನು ಸ್ವಲ್ಪ ಸೆಳೆದು ಸಣ್ಣ ಸಣ್ಣ ಉಬ್ಬುಗಳನ್ನು ಮಾಡುತ್ತದೆ, ಆ ಉಬ್ಬುಗಳಲ್ಲಿ ನಿಂತ ಗಾಳಿ ಡಿಸೆಂಬರ್, ಜನವರಿಯ ರಾತ್ರಿಗಳ ಚಳಿ ತಡೆಯುತ್ತದೆ. ಮನೆಯ ಸಾಧಾರಣ ಹೊಲಿಗೆ ಯಂತ್ರದಲ್ಲಿ ಇದನ್ನು ಸಾಧಿಸುವುದು ಕಷ್ಟ. ದಪ್ಪ ಪದರಗಳಿಗೆ ಸೂಜಿ ಮುರಿಯುತ್ತದೆ. ಹೊಲಿದರೂ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಬಿಗಿದು ಬಟ್ಟೆ ಹಲಗೆಯಂತಾಗುತ್ತದೆ. ಕೈಹೊಲಿಗೆಯ ಒಂದೇ ದಾರವನ್ನು ಬೇಕಾದಾಗ ಎಳೆದು ಬಿಚ್ಚಿ, ಹದಗೆಟ್ಟ ತೇಪೆ ತೆಗೆದು ಬೇರೆ ಕೂರಿಸಬಹುದು.

ಈ ಸೀಮೆಯ ಹೊರಗೆ ಕೌದಿಯ ಬಂಧುಗಳು ಅನೇಕ. ಬಂಗಾಳದ ಕಾಂಥಾ ಕುರಿತು ಸ್ಟೆಲ್ಲಾ ಕ್ರಾಮ್ರಿಶ್ 1939ರಲ್ಲೇ ಪ್ರಬಂಧ ಬರೆದರು. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯನ್ನು ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಲೋಕಕ್ಕೆ ಪರಿಚಯಿಸಿದರು. ಅದರ ಮೂಲೆಗಳಲ್ಲಿ ಮಡಿಚಿ ಕೂರಿಸುವ ತ್ರಿಕೋನದ ಹೂವುಗಳ ಬಗ್ಗೆ ಇಂದು ದೂರದ ದೇಶಗಳಲ್ಲೂ ಗೊತ್ತು. ಯಾದಗಿರಿ ಸೀಮೆಯ ಕೌದಿಗೆ ಅಂಥ ಗುರುತಿನ ಚಿಹ್ನೆ ಇಲ್ಲ, ಅದನ್ನು ಹೊಲಿಯುವವರು ಒಂದೇ ಸಮುದಾಯದವರೂ ಅಲ್ಲ. ವಿದ್ವಾಂಸರ ಕಣ್ಣಿಗೆ ಅದು ಬೀಳದಿರಲು ಇದೂ ಒಂದು ಕಾರಣವಿರಬೇಕು.

ತುಂಡು ಜೋಡಿಸಿದ ಬಟ್ಟೆಗೆ ಈ ನೆಲದಲ್ಲಿ ಹಳೆಯ ಗೌರವವೂ ಇದೆ. ಶಹಾಪುರದಿಂದ ಭೀಮೆಯ ಆಚೆ ದಡದಲ್ಲಿ ಸನ್ನತಿ, ಕನಗನಹಳ್ಳಿಯ ಬೌದ್ಧ ನೆಲೆಯಿದೆ, ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದ್ದು ಅಲ್ಲೇ. ವಿನಯಪಿಟಕದ ಪ್ರಕಾರ ಬುದ್ಧನ ಕಾಲದ ಭಿಕ್ಕುಗಳು ಎಸೆದ ಬಟ್ಟೆಯನ್ನು ಆಯ್ದು ಚೀವರ ಮಾಡಿಕೊಳ್ಳುತ್ತಿದ್ದರು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಚೀವರದ ತುಂಡುಗಳನ್ನು ಹಾಗೆ ಜೋಡಿಸುವಂತೆ ಬುದ್ಧ ಆನಂದನಿಗೆ ಹೇಳಿದನೆಂಬ ಪ್ರಸಂಗವೂ ಅದರಲ್ಲಿದೆ. ಇನ್ನು ಬಸವಣ್ಣನವರಿಗಿಂತ ಹಿಂದಿನ ವಚನಕಾರ, ನೇಕಾರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಅವನು ನೇಯ್ದ ಬಟ್ಟೆಯನ್ನು ಜಂಗಮನ ವೇಷದ ಶಿವ ಚೂರು ಚೂರಾಗಿ ಹರಿದರೂ ಅವನು ಕಲಕದೆ ನಿಂತು ತವನಿಧಿಯನ್ನು, ಅಂದರೆ ಬರಿದಾಗದ ನಿಧಿಯನ್ನು, ಪಡೆದನೆಂಬ ಐತಿಹ್ಯವಿದೆ. ಇವುಗಳಿಂದ ಇಂದಿನ ಕೌದಿಗೆ ನೇರ ಪರಂಪರೆ ಎಳೆಯುವುದು ತಪ್ಪಾದೀತು. ಹರಿದ ಬಟ್ಟೆಯನ್ನು ಹೀನವೆಂದು ಕಾಣದ ದೃಷ್ಟಿಯೊಂದು ಈ ನದಿಗಳ ಆಸುಪಾಸಿನಲ್ಲಿ ಬೇರೆ ಬೇರೆ ಕಾಲಕ್ಕೆ ಮಾತಾಡಿದೆ ಎಂದಷ್ಟೇ ಹೇಳಬಹುದು.

ಆದರೆ ಹೀನವೆಂದು ಕಂಡ ಚರಿತ್ರೆಯನ್ನು ಮರೆಮಾಚಬಾರದು. ಉಟ್ಟುಬಿಟ್ಟ ಬಟ್ಟೆ ಒಡೆಯರ ಮನೆಯಿಂದ ಆಳುಗಳ ಮನೆಗೆ, ಮೇಲಿನವರೆನಿಸಿಕೊಂಡವರಿಂದ ದಲಿತರ ಕೇರಿಗೆ ಕೂಲಿಯ ಭಾಗವೆಂಬಂತೆ ಇಳಿಯುತ್ತಿತ್ತು. ಅಂಥ ಬಟ್ಟೆಯಿಂದ ಹೊಲಿದ ಕೌದಿಗೆ ಮರುಬಳಕೆ ಎಂಬ ಇಂದಿನ ಹೊಗಳಿಕೆ ಸಲ್ಲುವುದಿಲ್ಲ. ಅದು ಗತಿಯಿಲ್ಲದ್ದಕ್ಕೆ ಮಾಡಿದ ಕೆಲಸ. ಅದನ್ನು ಇಷ್ಟು ಚೆನ್ನಾಗಿ ಮಾಡಿದರೆಂಬ ಮೆಚ್ಚುಗೆಯ ಜೊತೆಗೆ ಅವರಿಗೆ ಹೊಸ ಬಟ್ಟೆ ಏಕೆ ಸಿಗಲಿಲ್ಲವೆಂಬ ಪ್ರಶ್ನೆಯನ್ನೂ ಕೇಳಲೇಬೇಕು. ಉತ್ತರ ಕರ್ನಾಟಕದ ಹಲವೆಡೆ ಮನೆಮನೆಗೆ ಹೋಗಿ ಕೌದಿ ಹೊಲಿದುಕೊಡುವ ಗೊಂದಲಿಗ ಹೆಂಗಸರ ಕೂಲಿಯೂ ಅವರ ನೈಪುಣ್ಯಕ್ಕೆ ತಕ್ಕದ್ದಾಗಿರಲಿಲ್ಲ.

ವಿಂಗಡಣೆಯ ವಿದ್ಯೆ ಈಗ ದೊಡ್ಡ ಪರೀಕ್ಷೆ ಎದುರಿಸುತ್ತಿದೆ. ಹತ್ತಿಯ ಸೀರೆ ದಿನಬಳಕೆಯಿಂದ ಸರಿದು ಪಾಲಿಯೆಸ್ಟರ್ ಬಂತು. ಪಾಲಿಯೆಸ್ಟರ್ ಪಿಸಿಯುವುದಿಲ್ಲ. ಬಣ್ಣ ಮಾಸುತ್ತದೆ, ಹೊಲಿಗೆ ಬಿಡುತ್ತದೆ, ಎಳೆ ಮಾತ್ರ ಸಾಯುವುದಿಲ್ಲ. ಬಿಸಿಲಿಗೆ ಹಿಡಿದು ನೋಡುವ, ಹೆಬ್ಬೆರಳಲ್ಲಿ ಜಗ್ಗುವ ಪರೀಕ್ಷೆಗಳು ಅದರ ಮುಂದೆ ನಡೆಯವು. ಅದು ಸೂಜಿಯಡಿ ಜಾರುತ್ತದೆ, ಬೆವರು ಹೀರುವುದಿಲ್ಲ, ಒಲೆಯ ಕಿಡಿ ಬಿದ್ದರೆ ಕರಗಿ ತೂತಾಗುತ್ತದೆ. ಹೆಂಗಸರು ಇದಕ್ಕೂ ದಾರಿ ಹುಡುಕಿದ್ದಾರೆ. ಮೈಗೆ ತಾಗುವ ಪದರಕ್ಕೆ ಹಳೆ ನೈಟಿ, ಲುಂಗಿ, ಚೂಡಿದಾರದ ಹತ್ತಿ ಬಟ್ಟೆಯನ್ನು ಕಾಯ್ದಿಟ್ಟು, ಮಿಂಚುವ ಸಿಂಥೆಟಿಕ್ ಸೀರೆಯನ್ನು ಮೇಲ್ಮುಖಕ್ಕೆ ಹಾಕುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬರುವ ಸಮವಸ್ತ್ರದ ತುಂಡುಗಳೂ ತೇಪೆಗಳ ನಡುವೆ ಸೇರಿಕೊಂಡಿವೆ. ಮುಂದೊಂದು ದಿನ ಈ ಕೌದಿಗಳ ಕಾಲವನ್ನು ನಿರ್ಧರಿಸಲು ಅವೇ ಸಾಕ್ಷಿಯಾದಾವು.

ಇನ್ನೊಂದು ಎದುರಾಳಿ ಪಾಣಿಪತ್ತಿನಿಂದ ಬರುವ ಅಗ್ಗದ ಕಂಬಳಿ. ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಗಂಟಿನಲ್ಲಿ, ಯಾದಗಿರಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ, ಈಗ ಕೌದಿಯ ಪಕ್ಕದಲ್ಲೇ ಅದೂ ಕಾಣುತ್ತದೆ. ಪಾಣಿಪತ್ತಿನ ಅನೇಕ ಕಂಬಳಿಗಳೂ ಹಳೆ ಬಟ್ಟೆಯಿಂದಲೇ ಹುಟ್ಟಿದವು. ಹೊರದೇಶಗಳು ಬಿಸಾಡಿದ ಉಣ್ಣೆಯ ಉಡುಪುಗಳನ್ನು ಅಲ್ಲಿ ಬಣ್ಣದ ಪ್ರಕಾರ ಬೇರ್ಪಡಿಸಿ, ಯಂತ್ರದಲ್ಲಿ ಚಿಂದಿ ಮಾಡಿ, ಮತ್ತೆ ನೂಲು ತೆಗೆಯುತ್ತಾರೆ. ಯಂತ್ರ ಬಟ್ಟೆಯನ್ನು ನಾರಿಗೆ ಇಳಿಸಿದರೆ ಕೌದಿ ಬಟ್ಟೆಯನ್ನು ಬಟ್ಟೆಯಾಗಿಯೇ ಉಳಿಸುತ್ತದೆ. ಅಜ್ಜಿಯ ಸೀರೆ ಯಾವುದು, ತಮ್ಮನ ಅಂಗಿ ಯಾವುದು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುವುದು ಇದರಿಂದಲೇ.

ಪಟ್ಟಣದ ಅಂಗಡಿಗಳಲ್ಲಿ ಕೌದಿಗೆ ಈಗ ಬೆಲೆ ಬಂದಿರುವುದು ಸಂತೋಷದ ಸಂಗತಿ. ಹೊಲಿಯುವವರ ಕೈಗೆ ನಾಲ್ಕು ಕಾಸು ಬಂದರೆ ಅದನ್ನು ಆಕ್ಷೇಪಿಸುವ ಅಧಿಕಾರ ಸಂಶೋಧಕನಿಗಿಲ್ಲ. ಆದರೂ ಹೊಸ ಬಟ್ಟೆಯ ಕತ್ತರಿಸಿದ ಚೂರುಗಳಿಂದ ಹೊಲಿದದ್ದು ಬೇರೆಯೇ ವಸ್ತು. ಅದರಲ್ಲಿ ಯಾವ ತುಂಡೂ ಸವೆದಿಲ್ಲ, ಆದ್ದರಿಂದ ಯಾವ ತುಂಡಿನ ಬಗ್ಗೆಯೂ ತೀರ್ಮಾನ ಮಾಡಬೇಕಾಗಿಲ್ಲ. ವಸ್ತುಸಂಗ್ರಹಾಲಯಗಳು, ವಿಶ್ವವಿದ್ಯಾಲಯಗಳು ಕೌದಿ ಸಂಗ್ರಹಿಸುವಾಗ ಮೇಲ್ಮುಖದ ಚಿತ್ರ ತೆಗೆದು, ಅಳತೆ ಬರೆದು ಮುಗಿಸಬಾರದು. ಮನೆಯವರ ಒಪ್ಪಿಗೆಯಿದ್ದು, ಕೌದಿ ಹೇಗೂ ಬಿಚ್ಚಿ ಹೊಲಿಯುವ ಸ್ಥಿತಿಗೆ ಬಂದಿದ್ದರೆ, ಒಂದು ಅಂಚು ಬಿಚ್ಚಿದಾಗ ಒಳಗಿನ ಅರಿವಿಗಳನ್ನು ಪದರ ಪದರವಾಗಿ ದಾಖಲಿಸಬೇಕು: ಯಾವ ನೂಲು, ಯಾರು ಉಟ್ಟದ್ದು, ಯಾವ ಭಾಗ, ಯಾವ ದಿಕ್ಕಿಗೆ ಹಾಕಿದ್ದು. ಶಹಾಪುರ, ಸುರಪುರ, ಯಾದಗಿರಿಯ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಕೆಲಸಕ್ಕೆ ದೂರ ಹೋಗಬೇಕಿಲ್ಲ. ಹೊಲಿದವರು ಮನೆಯಲ್ಲೇ ಇದ್ದಾರೆ. ಮುಂದಿನ ಸಲ ಅವರು ಹಳೆ ಬಟ್ಟೆಯ ಗಂಟು ಬಿಚ್ಚಿ ಕೂತಾಗ, ಯಾವ ಅರಿವಿಯನ್ನು ಯಾಕೆ ಬದಿಗಿಟ್ಟರೆಂದು ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಬೇಕು.