ಮೇರಿಯನ್ ಆಂಡರ್ಸನ್: ಐದು ವರ್ಷಗಳ ಲೆಕ್ಕ

ಅಮೆರಿಕದ ಕಾಂಟ್ರಾಲ್ಟೊ ಗಾಯಕಿ ಮೇರಿಯನ್ ಆಂಡರ್ಸನ್ ತಾವು ಹುಟ್ಟಿದ್ದು 1902ರಲ್ಲಿ ಎಂದೇ ಹೇಳಿಕೊಂಡು ಬಂದವರು. ಆಕರಗ್ರಂಥಗಳೂ ಬಹುಕಾಲ ಆ ವರ್ಷವನ್ನೋ ಅದರ ಆಸುಪಾಸಿನ ವರ್ಷವನ್ನೋ ಅಚ್ಚು ಹಾಕಿದವು. 1993ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ಮೇಲೆ ಬೆಳಕಿಗೆ ಬಂದ ಜನನ ಪ್ರಮಾಣಪತ್ರದಲ್ಲಿ ಇದ್ದದ್ದು 27 ಫೆಬ್ರವರಿ 1897. ರಂಗದ ಮೇಲಿನವರು ವಯಸ್ಸು ಇಳಿಸಿ ಹೇಳುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಹಾಗಾಗಿ ಈ ಐದು ವರ್ಷಗಳನ್ನು ಅಡಿಟಿಪ್ಪಣಿಗೆ ಸೇರಿಸಿ ಮುಂದೆ ಹೋಗುವುದು ರೂಢಿ. ಆದರೆ ಅವರ ಆರಂಭದ ವೃತ್ತಿಜೀವನವನ್ನು ಸರಿಯಾದ ವರ್ಷದಿಂದ ಎಣಿಸಿಕೊಂಡು ಬಂದರೆ ಕಾಣುವ ಚಿತ್ರ ಬೇರೆಯೇ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಶಾಲೆಯ ಲೆಕ್ಕ. ಫಿಲಡೆಲ್ಫಿಯಾದ ಸ್ಟಾಂಟನ್ ಶಾಲೆಯಲ್ಲಿ ಅವರ ಓದು ಮುಗಿದದ್ದು 1912ರಲ್ಲಿ. ಹೈಸ್ಕೂಲು ಮುಗಿದದ್ದು 1921ರಲ್ಲಿ. ಹುಟ್ಟಿದ್ದು 1902 ಎಂದಿಟ್ಟುಕೊಂಡರೆ ಹತ್ತೊಂಬತ್ತರ ಹುಡುಗಿ ಹೈಸ್ಕೂಲು ದಾಟಿದಳು, ಅದರಲ್ಲಿ ವಿಶೇಷವೇನೂ ಇಲ್ಲ. 1897 ಎಂದಾಗ ಆಕೆಗೆ ಇಪ್ಪತ್ನಾಲ್ಕು. ನಡುವೆ ಕಳೆದುಹೋದ ವರ್ಷಗಳಿಗೆ ಕಾರಣ ಬಡತನ. ಮಂಜುಗಡ್ಡೆ, ಕಲ್ಲಿದ್ದಲು ಮಾರುತ್ತಿದ್ದ ತಂದೆ ಕೆಲಸದ ಜಾಗದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡಾಗ ಮೇರಿಯನ್‌ಗೆ ಹನ್ನೆರಡು. ವರ್ಜೀನಿಯಾದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ತಾಯಿ ಆನ್ನಾ ಫಿಲಡೆಲ್ಫಿಯಾದಲ್ಲಿ ಊರವರ ಬಟ್ಟೆ ಒಗೆದು, ವಾನಮೇಕರ್ ಮಳಿಗೆಯ ನೆಲ ಒರೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದರು. ಹೈಸ್ಕೂಲಿಗೆ ದುಡ್ಡಿರಲಿಲ್ಲ. ಇಳಿಸಿ ಹೇಳಿದ ವಯಸ್ಸು ಈ ಖಾಲಿ ಜಾಗವನ್ನು ಅಚ್ಚುಕಟ್ಟಾಗಿ ಮುಚ್ಚಿಬಿಡುತ್ತದೆ.

ಆ ವರ್ಷಗಳಲ್ಲಿ ಹಾಡು ನಿಂತಿರಲಿಲ್ಲ, ನಿಂತಿದ್ದು ಕ್ರಮಬದ್ಧ ಶಿಕ್ಷಣ. ಆರನೆಯ ವಯಸ್ಸಿಗೇ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಮಕ್ಕಳ ಮೇಳ ಸೇರಿದ್ದ ಮೇರಿಯನ್ ದೊಡ್ಡವರ ಮೇಳದಲ್ಲಿ ಯಾರು ಗೈರಾದರೂ ಅವರ ಪಾಲಿನ ಸ್ವರವನ್ನು ಹಾಡಬಲ್ಲವರಾಗಿದ್ದರು. ಗಂಡಸರ ಬಾಸ್ ಕೂಡ, ಬೇಕಾದರೆ ಸ್ಥಾಯಿ ಬದಲಿಸಿಕೊಂಡು. ಆ ಚರ್ಚಿಗೆ ಬಂದು ಹಾಡುತ್ತಿದ್ದ ಟೆನರ್ ರೋಲಂಡ್ ಹೇಯ್ಸ್ ಆಕೆಗೆ ಗುರು ಬೇಕೆಂದು ಒತ್ತಿ ಹೇಳಿದರು. ಊರಿನ ಒಂದು ಸಂಗೀತ ಶಾಲೆ ಕರಿಯರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿತು. ಮೇರಿ ಪ್ಯಾಟರ್ಸನ್, ಆಗ್ನೆಸ್ ರೈಫ್‌ಸ್ನೈಡರ್ ಅವರ ಬಳಿ ಕಲಿತು, 1920ರ ಹೊತ್ತಿಗೆ ಅವರು ಜುಸೆಪ್ಪೆ ಬೊಗೆಟ್ಟಿ ಎದುರು ನಿಂತರು. ಹೊಸ ಶಿಷ್ಯರಿಗೆ ಜಾಗವಿಲ್ಲ ಎಂದಿದ್ದ ಬೊಗೆಟ್ಟಿ ಒಂದು ಸ್ಪಿರಿಚುವಲ್ (ಕರಿಯರ ಭಕ್ತಿಗೀತೆ) ಕೇಳಿದ ಮೇಲೆ ಜಾಗ ಮಾಡಿಕೊಂಡರು. ಪಾಠದ ಖರ್ಚಿಗೆ ಚರ್ಚಿನವರು ಕಛೇರಿ ಏರ್ಪಡಿಸಿ ಚಂದಾ ಕೂಡಿಸಿದರು.

1924ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್ ಕಛೇರಿ. ಅರ್ಧಕ್ಕರ್ಧ ಖಾಲಿ ಕುರ್ಚಿಗಳು, ತಣ್ಣನೆಯ ವಿಮರ್ಶೆ. ಬ್ರಾಮ್ಸ್‌ನ ಜರ್ಮನ್ ಗೀತೆಗಳನ್ನು ಬಾಯಿಪಾಠ ಒಪ್ಪಿಸಿದ ಹಾಗೆ ಹಾಡಿದರೆಂಬ ಟೀಕೆ ಅವರನ್ನು ಎಷ್ಟು ಕುಗ್ಗಿಸಿತೆಂದರೆ ಕೆಲಕಾಲ ಹಾಡುವುದನ್ನೇ ಬಿಡುವ ಯೋಚನೆ ಬಂತು. ಇದನ್ನು ಎಳೆಯ ಪ್ರತಿಭೆಯ ಆತುರದ ಎಡವಟ್ಟು ಎಂದು ಹಲವರು ಬರೆದಿದ್ದಾರೆ. ಆಗ ಆಕೆಗೆ ಇಪ್ಪತ್ತೇಳು! ಬಿಲ್ಲಿ ಕಿಂಗ್ ಅವರ ಪಿಯಾನೊ ಜೊತೆಗೆ ದಕ್ಷಿಣದ ಕರಿಯರ ಕಾಲೇಜು, ಚರ್ಚುಗಳಲ್ಲಿ ಸುತ್ತಿ, ಪ್ರತ್ಯೇಕಿಸಿದ ರೈಲು ಡಬ್ಬಿಗಳಲ್ಲಿ ಪಯಣಿಸಿ ಪಳಗಿದ್ದ ಗಾಯಕಿ ಅವರು. ವಿಕ್ಟರ್ ಕಂಪನಿಗೆ ಆಗಲೇ ಧ್ವನಿಮುದ್ರಿಕೆ ಕೊಟ್ಟಿದ್ದರು. ಶಾರೀರ ಮಾಗಿತ್ತು, ಜರ್ಮನ್ ಭಾಷೆಯನ್ನು ಕಲಿಸುವ ವಿದ್ಯಾಲಯ ಮಾತ್ರ ಅವರ ಪಾಲಿಗೆ ಇರಲಿಲ್ಲ. ಅರ್ಥ ಒಳಗಿಳಿಯದೆ ಅಕ್ಷರ ಮಾತ್ರ ಕಲಿತು ಲೀಡ್ (ಜರ್ಮನ್ ಕಲಾಗೀತೆ) ಹಾಡಿದರೆ ಏನಾಗುತ್ತದೆಂಬುದು, ತೆಲುಗು ಬಾರದೆ ತ್ಯಾಗರಾಜರ ಕೃತಿ ಹಾಡುವವರನ್ನು ಕೇಳಿದವರಿಗೆ ಗೊತ್ತೇ ಇದೆ.

ಮರುವರ್ಷ ಸುಮಾರು ಮುನ್ನೂರು ಸ್ಪರ್ಧಿಗಳ ನಡುವೆ ಗೆದ್ದು, 26 ಆಗಸ್ಟ್ 1925ರಂದು ಲೂಯಿಸನ್ ಸ್ಟೇಡಿಯಂನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಡೊನಿಜೆಟ್ಟಿಯ ಒಪೆರಾ ಏರಿಯಾ ಹಾಡಿದರು. ಆರ್ಥರ್ ಜಡ್ಸನ್‌ರ ಪ್ರತಿಷ್ಠಿತ ಸಂಸ್ಥೆ ಒಪ್ಪಂದ ಮಾಡಿಕೊಂಡರೂ ಕಛೇರಿಗಳು ನಿರೀಕ್ಷಿಸಿದಷ್ಟು ಹೆಚ್ಚಲಿಲ್ಲ. ಗೆಲುವಿಗೂ ಅವಕಾಶಕ್ಕೂ ಅಮೆರಿಕದಲ್ಲಿ ಅಷ್ಟು ಅಂತರವಿತ್ತು.

ಯುರೋಪಿಗೆ ಹೋದ ಉದ್ದೇಶವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಇಂಗ್ಲೆಂಡಿನಲ್ಲಿ ಮುದಿ ಗುರು ರೈಮುಂಡ್ ಫಾನ್ ಝುರ್ ಮ್ಯೂಲನ್ ಕಾಯಿಲೆಯಿಂದಾಗಿ ಹೆಚ್ಚು ಕಲಿಸಲಾಗಲಿಲ್ಲ. 1930ರಲ್ಲಿ ರೋಸನ್‌ವಾಲ್ಡ್ ನಿಧಿಯ ವಿದ್ಯಾರ್ಥಿವೇತನ ಸಿಕ್ಕಿದಾಗ ಅವರು ಆರಿಸಿಕೊಂಡದ್ದು ಬರ್ಲಿನ್. ಜರ್ಮನ್ ಮನೆಯೊಂದರಲ್ಲಿ ಇದ್ದು ಭಾಷೆ ಕಲಿತರು, ಮೈಕೆಲ್ ರೌಖೈಸನ್ ಬಳಿ ಲೀಡ್ ಸಾಧನೆ ಮಾಡಿದರು. 1924ರ ವಿಮರ್ಶೆಗೆ ಮೂವತ್ತಮೂರರ ಗಾಯಕಿ ಕೊಟ್ಟ ಉತ್ತರ ಇದು. ಅಲ್ಲಿ ಅವರನ್ನು ಕೇಳಿದ ನಾರ್ವೆಯ ಕಛೇರಿ ವ್ಯವಸ್ಥಾಪಕ ರೂಲೆ ರಾಸ್ಮುಸೆನ್ ಮತ್ತು ಫಿನ್ಲೆಂಡಿನ ಪಿಯಾನೊ ವಾದಕ ಕೋಸ್ಟಿ ವೆಹಾನೆನ್ ಸ್ಕಾಂಡಿನೇವಿಯಾಕ್ಕೆ ಕರೆದೊಯ್ದರು. ಎರಡನೆಯ ಪ್ರವಾಸದಲ್ಲಿ ಕಛೇರಿಗಳು ನೂರು ದಾಟಿದವು. ತಮ್ಮ ಮನೆಯಲ್ಲಿ ಆಕೆಯ ಹಾಡು ಕೇಳಿದ ಫಿನ್ಲೆಂಡಿನ ಸಂಗೀತ ರಚನಕಾರ ಸಿಬೇಲಿಯಸ್ ಈ ಧ್ವನಿಗೆ ನನ್ನ ಮನೆಯ ಸೂರು ಗಿಡ್ಡವಾಯಿತು ಎಂದು, ಕಾಫಿಯ ಬದಲು ಶಾಂಪೇನ್ ತರಿಸಿದರಂತೆ. 1935ರಲ್ಲಿ ಸಾಲ್ಸ್‌ಬರ್ಗಿನಲ್ಲಿ ವಾದ್ಯವೃಂದ ನಿರ್ದೇಶಕ ಟೊಸ್ಕನಿನಿ ಆಡಿದ ಹೊಗಳಿಕೆ ಪ್ರಸಿದ್ಧವೇ, ಅದನ್ನಿಲ್ಲಿ ಬೆಳೆಸುವುದಿಲ್ಲ.

ಒಂದು ಆಕರದ ಬಗ್ಗೆ ಎಚ್ಚರ ಬೇಕು. 30 ಡಿಸೆಂಬರ್ 1935ರಂದು ಅವರು ಮತ್ತೆ ಟೌನ್ ಹಾಲಿನಲ್ಲಿ ಹಾಡಿದರು. ಅಮೆರಿಕಕ್ಕೆ ಮರಳುವ ಹಡಗಿನಲ್ಲಿ ಬಿದ್ದು ಕಾಲಿನ ಮೂಳೆ ಮುರಿದಿತ್ತು, ಉದ್ದನೆಯ ಗೌನು ಪ್ಲಾಸ್ಟರನ್ನು ಮರೆಮಾಡಿತ್ತು. ಮರುದಿನ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಮುಕ್ತಕಂಠದಿಂದ ಹೊಗಳಿ ಬರೆದವರು ಹೋವರ್ಡ್ ಟೌಬ್ಮನ್. ಆಂಡರ್ಸನ್ ಅವರ 1956ರ ಆತ್ಮಕಥೆಯನ್ನು ತೆರೆಮರೆಯಲ್ಲಿ ನಿಂತು ಬರೆದುಕೊಟ್ಟವರೂ ಅವರೇ. ಸೋತ ಟೌನ್ ಹಾಲಿನಿಂದ ಗೆದ್ದ ಟೌನ್ ಹಾಲಿಗೆ ಸಾಗುವ ಕಥಾರೇಖೆಯನ್ನು ಓದುವಾಗ, ಗೆಲುವಿಗೆ ಮುದ್ರೆ ಒತ್ತಿದ ವಿಮರ್ಶಕನೇ ಅದನ್ನು ಹೆಣೆದವನೂ ಎಂಬುದನ್ನು ಮರೆಯಬಾರದು. ಆ ರೇಖೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಬರ್ಲಿನ್, ಸ್ಕಾಂಡಿನೇವಿಯಾಗಳ ಶ್ರಮ ಅದರಲ್ಲಿ ತೆಳುವಾಗಿದೆ.

ಮೆಟ್ರೊಪಾಲಿಟನ್ ಒಪೆರಾ 7 ಜನವರಿ 1955ರಂದು, ವೆರ್ಡಿಯ ಒಪೆರಾದಲ್ಲಿ ಉಲ್ರಿಕಾಳ ಪಾತ್ರಕ್ಕೆ, ಮೊದಲ ಬಾರಿ ಕರಿಯ ಏಕಗಾಯಕಿಯೊಬ್ಬರನ್ನು ರಂಗಕ್ಕೆ ತಂದಿತು. ಆ ರಾತ್ರಿ ಧ್ವನಿಯಲ್ಲಿ ಕೇಳಿಬಂದ ನಡುಕವನ್ನು ಅಳೆಯುವಾಗಲೂ ಇದೇ ಲೆಕ್ಕ ಬೇಕು: ಆಂಡರ್ಸನ್‌ಗೆ ಐವತ್ತೆಂಟು ತುಂಬಲು ಉಳಿದಿದ್ದದ್ದು ಏಳು ವಾರ.